ದಂಡದ ರಸೀದಿ

ಶಿರಸಿಯಲ್ಲಿ ನನ್ನದೊಂದು ಸಣ್ಣ ಝೆರಾಕ್ಸ್ ಅಂಗಡಿ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಎರಡು ಪ್ಲಾಸ್ಟಿಕ್ ಕುರ್ಚಿ. ಸರಕಾರಿ ಕೆಲಸಕ್ಕೆ ಪೇಟೆಗೆ ಬಂದವರು ಅರ್ಜಿ ಬರೆಸಲು ನನ್ನ ಹತ್ತಿರ ಬರುತ್ತಾರೆ. ನಾನು ವಕೀಲನಲ್ಲ, ಬಿ.ಕಾಂ. ಅರ್ಧಕ್ಕೆ ಬಿಟ್ಟವನು. ಆದರೆ ಹದಿನೈದು ವರ್ಷದಿಂದ ಅರಣ್ಯ ಹಕ್ಕಿನ ಅರ್ಜಿ ಬರೆದೂ ಬರೆದೂ ಆ ಕಾಯ್ದೆಯ ಕೆಲವು ಕಲಂಗಳು ಬಾಯಿಪಾಠ ಆಗಿವೆ. ಅದೂ ಮೊದಲು ಸಾಕಷ್ಟು ತಪ್ಪು ಮಾಡಿದ ಮೇಲೆ.

ಅರಣ್ಯ ಹಕ್ಕು ಕಾಯ್ದೆ 2006ರದ್ದು. ಕಾಡಿನಲ್ಲಿ ಮೊದಲಿಂದ ವಾಸ, ಸಾಗುವಳಿ ಮಾಡಿಕೊಂಡು ಬಂದವರಿಗೆ ಆ ಜಾಗದ ಹಕ್ಕು ಕೊಡುವ ಕಾನೂನು ಅದು. ನಿಯಮಗಳು ಬಂದಿದ್ದು 2008ರ ಜನವರಿಯಲ್ಲಿ. ಅದಾದ ಮೇಲೆ ನಮ್ಮ ಕಡೆ ಅರ್ಜಿಯ ಸುಗ್ಗಿಯೇ ಶುರುವಾಯಿತು. ನಮ್ಮ ಉತ್ತರ ಕನ್ನಡ ಜಿಲ್ಲೆಯ ಬಹುಪಾಲು ಕಾಡು ತಾನೇ? ಕಾಡಿನ ಅಂಚಿಗೆ ಒಂದು ಮನೆ, ಮನೆಯ ಹಿಂದೆ ನಾಲ್ಕು ಅಡಿಕೆ ಗಿಡ, ಒಂದು ತುಂಡು ಗದ್ದೆ. ಇಂಥವರು ಊರೂರಿಗೂ ಇದ್ದಾರೆ. ನಾನು ಒಂದು ನಮೂನೆ ಟೈಪ್ ಮಾಡಿಟ್ಟುಕೊಂಡೆ. ಹೆಸರು, ಊರು, ಗುಂಟೆ ಬದಲಿಸುವುದು, ಪ್ರಿಂಟ್ ಕೊಡುವುದು. ಒಂದು ಅರ್ಜಿಗೆ ನೂರೈವತ್ತು ರೂಪಾಯಿ ತೆಗೆದುಕೊಳ್ಳುತ್ತಿದ್ದೆ. ಕಾಯ್ದೆಯ ಪ್ರಕಾರ ಅರ್ಜಿಗೆ ಶುಲ್ಕವೇ ಇಲ್ಲ. ನನ್ನದು ಟೈಪಿಂಗ್ ಚಾರ್ಜು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಆ ನಮೂನೆಯ ಮೊದಲ ಸಾಲು ಈಗಲೂ ನೆನಪಿದೆ. ‘ನಾನು ಸದರಿ ಅರಣ್ಯ ಜಾಗವನ್ನು ಅತಿಕ್ರಮಣ ಮಾಡಿಕೊಂಡು ಬಂದಿದ್ದು...’ ನಮ್ಮ ಜಿಲ್ಲೆಯಲ್ಲಿ ಎಲ್ಲರ ಬಾಯಲ್ಲೂ ಇರುವುದು ಅದೇ ಶಬ್ದ. ಜಾಗ ಮಾಡಿಕೊಂಡವರೇ ‘ನಾವು ಅತಿಕ್ರಮಣದಾರರು’ ಅನ್ನುತ್ತಾರೆ. ಸಭೆಯ ಬ್ಯಾನರಿನಲ್ಲೂ ಅದೇ ಇರುತ್ತದೆ. ಹಕ್ಕು ಕೇಳುವ ಅರ್ಜಿಯ ಮೊದಲ ಸಾಲಿನಲ್ಲೇ ತಪ್ಪೊಪ್ಪಿಗೆ ಬರೆದುಕೊಟ್ಟ ಹಾಗೆ ಅದು! ಕಾಯ್ದೆಯಲ್ಲಿ ಇರುವುದು ಸ್ವಾಧೀನ, ವಾಸ, ಅವಲಂಬನೆ ಅನ್ನುವ ಮಾತು. ನಾನು ಕಾಯ್ದೆ ಓದಿರಲೇ ಇಲ್ಲ.

ಒಂದು ಊರಿನ ಮೂವತ್ತೊಂದು ಅರ್ಜಿ ಒಟ್ಟಿಗೇ ಬಿದ್ದುಹೋದವು, ಅಂದರೆ ತಿರಸ್ಕಾರ ಆದವು. ಊರಿನ ಹೆಸರು, ತಾಲೂಕು ಇಲ್ಲಿ ಬೇಡ. ಪಂಚಾಯ್ತಿಯ ಬೋರ್ಡಿಗೆ ಒಂದು ಪಟ್ಟಿ ಅಂಟಿಸಿದ್ದರು. ಪ್ರತಿ ಹೆಸರಿನ ಮುಂದೆ ‘75 ವರ್ಷದ ದಾಖಲೆ ಸಲ್ಲಿಸಿಲ್ಲ’ ಎಂಬ ಒಂದೇ ಸಾಲು. ಮೂವತ್ತೊಂದರಲ್ಲಿ ಇಪ್ಪತ್ತಾರು ನನ್ನ ಅಂಗಡಿಯ ಪ್ರಿಂಟು. ಆ ದಿನ ಮಧ್ಯಾಹ್ನ ಅಂಗಡಿ ಬಾಗಿಲು ಹಾಕಿ, ಕಾಯ್ದೆಯನ್ನೂ ನಿಯಮವನ್ನೂ ಪ್ರಿಂಟ್ ಹಾಕಿಕೊಂಡು ಮನೆಗೆ ಹೋದೆ. ಓದಿ ಮುಗಿಸುವುದಕ್ಕೆ ವಾರ ಹಿಡಿಯಿತು.

ಆ ಊರಿನಲ್ಲಿ ಹಳ್ಳದ ಈಚೆ ಒಂದು ಸಿದ್ದಿ ಮನೆ, ಆಚೆ ಒಂದು ಕುಣಬಿ ಮನೆ. ನಡುವೆ ಒಂದು ಸಂಕ, ಅಂದರೆ ಕಾಲುಸೇತುವೆ. ಇಬ್ಬರದ್ದೂ ಮುಕ್ಕಾಲು ಎಕರೆಯ ಆಸುಪಾಸು. ಇಬ್ಬರ ಅಜ್ಜಂದಿರೂ ಒಟ್ಟಿಗೆ ಮರ ಎಳೆದವರು. ಸಿದ್ದಿಯವರು ನಮ್ಮ ಜಿಲ್ಲೆಯಲ್ಲಿ 2003ರಿಂದ ಪರಿಶಿಷ್ಟ ಪಂಗಡ. ಹಾಗಾಗಿ ಅವರು ತೋರಿಸಬೇಕಾದದ್ದು 2005ರ ಡಿಸೆಂಬರ್ 13ಕ್ಕಿಂತ ಮುಂಚೆ ಆ ಜಾಗ ತಮ್ಮ ಕೈಯಲ್ಲಿತ್ತು ಎಂಬುದನ್ನು ಮಾತ್ರ. ಕುಣಬಿಯವರು ಕರ್ನಾಟಕದಲ್ಲಿ ಆ ಪಟ್ಟಿಯಲ್ಲಿ ಇಲ್ಲ. ಅವರು ‘ಇತರೆ ಪಾರಂಪರಿಕ ಅರಣ್ಯವಾಸಿ’. ಅವರು ಅದರ ಜತೆಗೆ ಮೂರು ತಲೆಮಾರು ತೋರಿಸಬೇಕು. ಕಾಯ್ದೆಯ ಲೆಕ್ಕದಲ್ಲಿ ಒಂದು ತಲೆಮಾರು ಅಂದರೆ 25 ವರ್ಷ. ಒಟ್ಟು 75. ಅಂದರೆ 1930ಕ್ಕೆ ಹೋಗಿ ನಿಲ್ಲಬೇಕು.

ಇದರಲ್ಲಿ ಇನ್ನೂ ಒಂದು ತಮಾಷೆ ಇದೆ. ಸಿದ್ದಿಯವರನ್ನು ಪಟ್ಟಿಗೆ ಸೇರಿಸಿದ ಅದೇ ಕಾನೂನು ಗೋವಾದಲ್ಲಿ ಕುಣಬಿಯವರನ್ನೂ ಪಟ್ಟಿಗೆ ಸೇರಿಸಿತು. ಮಾಜಾಳಿ ಗಡಿ ದಾಟಿದರೆ ಪಂಗಡ, ಈಚೆ ಬಂದರೆ ಅಲ್ಲ. ಅಂಕೋಲಾ ಕಡೆಯ ಹಾಲಕ್ಕಿ ಒಕ್ಕಲಿಗರ ಪಾಡೂ ಇದೇ. ಸುಕ್ರಿ ಬೊಮ್ಮಗೌಡ, ತುಳಸಿ ಗೌಡ ಇಬ್ಬರಿಗೂ ಪದ್ಮಶ್ರೀ ಬಂತು, ಅವರ ಜನಕ್ಕೆ ಪಂಗಡದ ಪಟ್ಟಿ ಸಿಗಲಿಲ್ಲ.

ಸಿದ್ದಿ ಅಣ್ಣನಿಗೆ ಎರಡನೇ ಸಲಕ್ಕೆ ಹಕ್ಕುಪತ್ರ ಬಂತು. ಜಾತಿ ಪ್ರಮಾಣಪತ್ರ, 2001ರ ಮನೆ ತೆರಿಗೆ ರಸೀದಿ, ಜಿಪಿಎಸ್ ನಕ್ಷೆ, ಇಬ್ಬರು ಹಿರಿಯರ ಹೇಳಿಕೆ. ಅಷ್ಟೇ. ಪತ್ರ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿದೆ, ಕಾಯ್ದೆ ಹೇಳುವುದೇ ಹಾಗೆ. ತೊಡಕಾಗಿದ್ದು ಸಂಕದ ಆಚೆಯ ಮನೆಯದ್ದು.

ಆ ಮನೆಯ ಯಜಮಾನಿ ಒಬ್ಬ ಅಜ್ಜಿ. ಮೊದಲ ದಿನ ನಾನು ಅಂಗಳಕ್ಕೆ ಹೋದಾಗ ‘ಬನ್ನಿ ಒಡೆಯಾ’ ಅಂದರು. ವಯಸ್ಸಿನಲ್ಲಿ ನನ್ನ ಅಜ್ಜಿಯಷ್ಟು ದೊಡ್ಡವರು. ನನ್ನ ಮುಖ ಸಣ್ಣದಾಯಿತು. ಆ ಮಾತು ಎಲ್ಲಿಂದ ಬಂತು ಎಂದು ನನಗೆ ಗೊತ್ತು. ನಮ್ಮದು ಅಡಿಕೆ ತೋಟದ ಮನೆ. ತೋಟಕ್ಕೆ ಸೊಪ್ಪಿನ ಬೆಟ್ಟ ಇದೆ. ಅದೂ ಕಾಡೇ. ಬ್ರಿಟಿಷರ ಕಾಲದಲ್ಲೇ ತೋಟದವರಿಗೆ ಸೊಪ್ಪು, ದರಕು (ಒಣಗಿದ ಎಲೆ) ತರಲು ಬಿಟ್ಟುಕೊಟ್ಟದ್ದು. ಅದಕ್ಕೆ ಸರ್ವೆ ನಂಬರ್ ಇದೆ, ಪಹಣಿ ಇದೆ. ನಮ್ಮ ಅಪ್ಪನಿಗೆ ಯಾರೂ 1930ರ ದಾಖಲೆ ತಾ ಅನ್ನಲಿಲ್ಲ. ಆ ಬೆಟ್ಟದಿಂದ ಸೊಪ್ಪಿನ ಹೊರೆ ಹೊತ್ತು ತಂದವರ ಮನೆಯಲ್ಲಿ ಒಂದು ಚೀಟಿ ಇಲ್ಲ. ನೂರೈವತ್ತು ರೂಪಾಯಿ ತೆಗೆದುಕೊಳ್ಳುವುದನ್ನು ನಾನು ಬಿಟ್ಟದ್ದು ಆ ದಿನದಿಂದ. ಝೆರಾಕ್ಸಿನ ದುಡ್ಡು ಮಾತ್ರ ಈಗಲೂ ತೆಗೆದುಕೊಳ್ಳುತ್ತೇನೆ, ಅಂಗಡಿ ನಡೆಯಬೇಕಲ್ಲ.

ಅಜ್ಜಿಯ ಹತ್ತಿರ ಏನೇನು ಕಾಗದ ಇದೆ ಎಂದು ಕೇಳಿದೆ. ರೇಷನ್ ಕಾರ್ಡ್, ಆಧಾರ್, ವೋಟರ್ ಕಾರ್ಡ್ ತಂದಿಟ್ಟರು. ಯಾವುದೂ ಮೂವತ್ತು ವರ್ಷಕ್ಕಿಂತ ಹಳೆಯದಲ್ಲ. ಹಳೇದು ಏನಾದರೂ ಇದೆಯಾ ಅಂದೆ. ಇಲ್ಲ ಅಂದರು. ಮೂರು ಸಲ ಹೋದೆ, ಮೂರು ಸಲವೂ ಇಲ್ಲ. ನಾಲ್ಕನೇ ಸಲ ಅವರ ಮೊಮ್ಮಗ ಬಾಯಿ ಬಿಟ್ಟ, ‘ಆಯಿ, ಆ ಅಂಡೆಯದ್ದು ತೋರಿಸು’ ಅಂತ. ಅಜ್ಜಿ ಅವನನ್ನು ದುರುಗುಟ್ಟಿ ನೋಡಿದರು.

ಒಲೆಯ ಮೇಲಿನ ಅಟ್ಟದಲ್ಲಿ, ಹೊಗೆ ತಾಗುವ ಜಾಗದಲ್ಲಿ, ಒಂದು ಬಿದಿರಿನ ಅಂಡೆ. ಹೊಗೆಗೆ ಕಪ್ಪಾಗಿ ಹೊಳೆಯುತ್ತಿತ್ತು. ಹುಳ ಹಿಡಿಯಬಾರದೆಂದು ಅಲ್ಲಿಟ್ಟಿದ್ದರಂತೆ. ಬಾಯಿಗೆ ತುರುಕಿದ್ದ ಬಟ್ಟೆ ತೆಗೆದು ಬಗ್ಗಿಸಿದರೆ ಸುರುಳಿಯಾದ ಒಂದು ಕಾಗದ ಬಿತ್ತು. ಅಂಗೈಯಷ್ಟು. ಇಂಗ್ಲಿಷಿನಲ್ಲಿ ಅಚ್ಚಾದ ರಸೀದಿ, ಮೇಲೆ ಮುಂಬಯಿ ಸರಕಾರದ ಹೆಸರು. 1956ರ ತನಕ ನಾವು ಮುಂಬಯಿಗೆ ಸೇರಿದ್ದೆವಲ್ಲ. ತಾರೀಖು 1951ರದ್ದು. ಅಜ್ಜಿಯ ಮಾವನ ಹೆಸರು, ಊರಿನ ಹೆಸರು. ಕಾಡಿನಲ್ಲಿ ಅನುಮತಿಯಿಲ್ಲದೆ ಸಾಗುವಳಿ ಮಾಡಿದ್ದಕ್ಕೆ ಎರಡು ರೂಪಾಯಿ ಎಂಟಾಣೆ ದಂಡ.

ಅಜ್ಜಿ ಯಾಕೆ ಮುಚ್ಚಿಟ್ಟಿದ್ದರು? ‘ಅದು ಕಳ್ಳತನದ ಕಾಗದ ಅಲ್ವಾ. ನೋಡಿದ್ರೆ ಇದ್ದದ್ದನ್ನೂ ಬಿಡಿಸ್ತಾರೆ.’

ನಾನು ಆ ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತೆ. ಕಾಡು ಕಡಿದು ಸುಟ್ಟು, ಜಾಗ ಬದಲಿಸುತ್ತ ಮಾಡುವ ಕುಮ್ರಿ ಬೇಸಾಯಕ್ಕೆ ಬ್ರಿಟಿಷರು ಕಡಿವಾಣ ಹಾಕಿದ ಕಾಲದಿಂದಲೂ ಇವರಿಗೂ ಸರಕಾರಕ್ಕೂ ಇದ್ದ ವ್ಯವಹಾರ ಅಂದರೆ ದಂಡ ಒಂದೇ. ಪಹಣಿ ಕೊಡಲಿಲ್ಲ, ಶಾಲೆ ದೂರ ಇತ್ತು, ಹಾಗಾಗಿ ದಾಖಲಾತಿ ಪುಸ್ತಕದಲ್ಲಿ ಹೆಸರಿಲ್ಲ. ಆದರೆ ದಂಡಕ್ಕೆ ಮಾತ್ರ ರಸೀದಿ ಕೊಟ್ಟಿದ್ದರು. ಈ ಮನುಷ್ಯ 1951ರಲ್ಲಿ ಇದೇ ಊರಿನ ಕಾಡಿನಲ್ಲಿ ಗೇಯುತ್ತಿದ್ದ ಎಂದು ಸರಕಾರವೇ ಸಹಿ ಹಾಕಿ ಕೊಟ್ಟ ಕಾಗದ ಇಡೀ ಊರಿನಲ್ಲಿ ಅದೊಂದೇ. ‘ಆಯಿ, ಇದು ಕಳ್ಳತನದ ಕಾಗದ ಅಲ್ಲ, ನಿಮ್ಮ ಪಹಣಿ’ ಅಂದೆ. ಅವರು ನಂಬಿದಂತೆ ಕಾಣಲಿಲ್ಲ.

ಇಲ್ಲೊಂದು ಮಾತು. ಇಂಥ ಕಾಗದ ಸಿಕ್ಕರೆ ದಯವಿಟ್ಟು ಲ್ಯಾಮಿನೇಶನ್ ಮಾಡಿಸಬೇಡಿ. ಹಳೆಯ ಕಾಗದ ಬಿಸಿಗೆ ಹಾಳಾಗಬಹುದು. ಫೋಟೋ ತೆಗೆಸಿ, ಪ್ರತಿ ಮಾಡಿಸಿ, ಮೂಲ ಮನೆಯಲ್ಲಿಡಿ. ಯಾರ ಕೈಗೂ ಮೂಲ ಕೊಡಬೇಡಿ, ನನ್ನಂಥವರ ಕೈಗೂ.

1951 ಸಿಕ್ಕಿತು, 1930ಕ್ಕೆ ಇನ್ನೂ 21 ವರ್ಷ ಬಾಕಿ. ನಿಯಮ ಓದಿದ್ದು ಉಪಯೋಗಕ್ಕೆ ಬಂದದ್ದು ಇಲ್ಲಿ. 13ನೇ ನಿಯಮದಲ್ಲಿ ಸಾಕ್ಷ್ಯದ ಉದ್ದ ಪಟ್ಟಿಯೇ ಇದೆ. ಗೆಜೆಟಿಯರ್, ಅಂದರೆ ಜಿಲ್ಲೆಯ ಬಗ್ಗೆ ಸರಕಾರ ಅಚ್ಚು ಹಾಕಿದ ಪುಸ್ತಕ, ಆಗುತ್ತದೆ. ಬಾವಿ, ಸ್ಮಶಾನ, ದೇವರ ಜಾಗ ಆಗುತ್ತದೆ. ವಂಶಾವಳಿ ಆಗುತ್ತದೆ. ಅರ್ಜಿದಾರರಲ್ಲದ ಹಿರಿಯರು ಹೇಳಿದ್ದನ್ನು ಬರೆದುಕೊಂಡರೆ ಅದೂ ಆಗುತ್ತದೆ. ಇಂಥದ್ದೇ ದಾಖಲೆ ಬೇಕೆಂದು ಉಪವಿಭಾಗ, ಜಿಲ್ಲಾ ಮಟ್ಟದ ಸಮಿತಿಗಳು ಹಟ ಹಿಡಿಯುವಂತಿಲ್ಲ ಎಂದು 2012ರ ತಿದ್ದುಪಡಿ ಸ್ಪಷ್ಟವಾಗಿ ಹೇಳುತ್ತದೆ. ಇನ್ನೊಂದು, 75 ವರ್ಷ ಎಂಬುದು ಕಾಡಿನಲ್ಲಿ ವಾಸ ಮತ್ತು ಅವಲಂಬನೆಯ ಲೆಕ್ಕ. ಅದೇ ಮುಕ್ಕಾಲು ಎಕರೆಯನ್ನು 75 ವರ್ಷ ಉತ್ತಿರಬೇಕು ಎಂದು ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಇದನ್ನು ಎಷ್ಟು ಜನ ಅಧಿಕಾರಿಗಳಿಗೆ ಓದಿ ತೋರಿಸಿದ್ದೇನೋ!

ಗೆಜೆಟಿಯರ್ ಸುಲಭ. ಮುಂಬಯಿ ಪ್ರೆಸಿಡೆನ್ಸಿಯವರು 1883ರಲ್ಲಿ ಕೆನರಾ ಜಿಲ್ಲೆಯ, ಅಂದರೆ ಈಗಿನ ನಮ್ಮ ಜಿಲ್ಲೆಯ, ಸಂಪುಟ ಅಚ್ಚು ಹಾಕಿದ್ದಾರೆ. ಜಿಲ್ಲೆಯ ಒಂದೊಂದು ಜನದ ಬಗ್ಗೆಯೂ ಅದರಲ್ಲಿ ಬರೆದಿದ್ದಾರೆ. ಆ ಪುಟಗಳ ಪ್ರತಿ ಲಗತ್ತಿಸಿದೆ.

ಹಿರಿಯರ ಹೇಳಿಕೆ ಕಷ್ಟ. ಮೊದಲ ಸಲ ನಾನು ‘ಸದರಿ ಅರ್ಜಿದಾರರ ಪೂರ್ವಜರು ಅನಾದಿಕಾಲದಿಂದಲೂ’ ಎಂದು ಒಂದು ಹೇಳಿಕೆ ಟೈಪ್ ಮಾಡಿ, ಮೂವರ ಹೆಸರು ಹಾಕಿ, ಮೂವರ ಹೆಬ್ಬೆಟ್ಟು ಒತ್ತಿಸಿದ್ದೆ. ಅಕ್ಷರ ತಪ್ಪೂ ಮೂರರಲ್ಲೂ ಒಂದೇ. ಯಾರು ನಂಬುತ್ತಾರೆ? ಈ ಸಲ ಹಾಗೆ ಮಾಡಲಿಲ್ಲ. ಪಕ್ಕದ ಮಜಿರೆಯ ಒಬ್ಬ ಅಜ್ಜನ ಹತ್ತಿರ ಸುಮ್ನೆ ಕೂತೆ. ಎಷ್ಟನೇ ಇಸವಿ ಎಂದು ಕೇಳಿದರೆ ಯಾರಿಗೂ ಬರುವುದಿಲ್ಲ. ಜಾತ್ರೆ ಲೆಕ್ಕ ಕೇಳಬೇಕು. ಶಿರಸಿಯ ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ. ‘ಮದುವೆ ಆದಮೇಲೆ ಎಷ್ಟನೇ ಜಾತ್ರೆಗೆ ಮಗ ಹುಟ್ಟಿದ?’ ಅಂದರೆ ಟಕ್ಕನೆ ಹೇಳುತ್ತಾರೆ. ಗಾಂಧಿ ಸತ್ತ ಸುದ್ದಿ ಬಂದಾಗ ಎಷ್ಟು ಎತ್ತರ ಇದ್ದೆ ಎಂದು ಅಜ್ಜ ಕೈ ಸೊಂಟದ ಹತ್ತಿರ ಹಿಡಿದು ತೋರಿಸಿದರು. ಅಲ್ಲಿಂದ ಹಿಂದಕ್ಕೂ ಮುಂದಕ್ಕೂ ಎಣಿಸಿದೆವು. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದೆ: ‘ಹಳ್ಳದ ಆಚೆ ಎರಡು ಹಲಸಿನ ಮರ. ಅದರ ನಡುವೆ ಇವರ ಮುತ್ತಜ್ಜನ ಮನೆ. ಬಲದ ಮರದ್ದು ಬಕ್ಕೆ, ಎಡದ್ದು ಬಿಳುವ. ನಮ್ಮಪ್ಪ ಸಣ್ಣವನಿದ್ದಾಗ ಆ ಬಕ್ಕೆ ತಿಂದಿದ್ದೆ ಅಂತಿದ್ದ.’

ಮರುದಿನ ಹೋಗಿ ನೋಡಿದರೆ ಬಲದ ಮರ ಈಗಲೂ ಇದೆ. ಇಬ್ಬರು ತಬ್ಬಿದರೂ ಕೈ ಕೂಡುವುದಿಲ್ಲ. ಎಡದ್ದರ ಬುಡ ಮಾತ್ರ ಉಳಿದಿದೆ. ನಡುವೆ ಮನೆಯ ಪಂಚಾಂಗದ (ಅಡಿಪಾಯದ) ಕಲ್ಲು, ಹಿಂದೆ ಚೌಡಿ ಕಟ್ಟೆ. ಊರಿನ ಅರಣ್ಯ ಹಕ್ಕು ಸಮಿತಿಯವರನ್ನು ಕರೆದುಕೊಂಡು ಹೋಗಿ ಎಲ್ಲರೆದುರು ಅಳತೆ ಮಾಡಿ, ಫೋಟೋ ತೆಗೆದು, ಮಹಜರು ಬರೆಸಿದೆ.

ಇದರ ನಡುವೆ 2019 ಬಂತು. ಫೆಬ್ರವರಿ 13ಕ್ಕೆ ಸುಪ್ರೀಂ ಕೋರ್ಟಿನ ಆದೇಶ, ಅರ್ಜಿ ತಿರಸ್ಕಾರ ಆದವರನ್ನು ಒಕ್ಕಲೆಬ್ಬಿಸಿ ಎಂದು. ವಾಟ್ಸ್ಆ್ಯಪಿನಲ್ಲಿ ಅದು ಬಂದ ದಿನ ಅಂಗಡಿ ಮುಂದೆ ಜನವೋ ಜನ. ಒಬ್ಬರು ಕೇಳಿದ್ದು ಮರೆಯುವುದಿಲ್ಲ: ‘ಮೆಣಸಿನ ಕೊಯ್ಲು ಆಗೋ ತನಕ ಬಿಡ್ತಾರಾ?’ ಫೆಬ್ರವರಿ 28ಕ್ಕೆ ಕೋರ್ಟ್ ಆ ಆದೇಶವನ್ನು ತಡೆಹಿಡಿಯಿತು. ಆ ಹದಿನೈದು ದಿನ ನಾನು ಮಾಡಿದ್ದು ಒಂದೇ ಕೆಲಸ. ಪರಿಶೀಲನೆ ಮುಗಿಯುವ ತನಕ ಎಬ್ಬಿಸುವಂತಿಲ್ಲ ಎಂಬ 4ನೇ ಕಲಂನ 5ನೇ ಉಪಕಲಂ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿ ಹಂಚಿದೆ. ಗಾರ್ಡ್ ಬಂದರೆ ಜಗಳ ಮಾಡಬೇಡಿ, ಇದನ್ನು ತೋರಿಸಿ, ಬರಹದಲ್ಲಿ ಕೊಡಿ ಅನ್ನಿ ಎಂದೆ.

ಅಜ್ಜಿಯ ಮನೆಯ ಅರ್ಜಿ ಬಿದ್ದು ಬಹಳ ಕಾಲ ಆಗಿತ್ತು. ಮೇಲ್ಮನವಿಗೆ 60 ದಿನ ಮಾತ್ರ, ಇನ್ನೇನು ಆಗುವುದಿಲ್ಲ ಎಂದು ಕೌಂಟರಿನಲ್ಲಿ ಹೇಳಿ ಕಳಿಸಿದ್ದರು. ನಿಯಮ ಹೇಳುವುದೇ ಬೇರೆ. ತಿರಸ್ಕಾರವನ್ನು ಅರ್ಜಿದಾರರಿಗೆ ಖುದ್ದಾಗಿ ತಿಳಿಸಬೇಕು, ಕಾರಣ ಬರೆಯಬೇಕು. 60 ದಿನ ಎಣಿಸುವುದು ಅದು ಕೈಗೆ ಸಿಕ್ಕ ದಿನದಿಂದ. ಬೋರ್ಡಿಗೆ ಅಂಟಿಸಿದ್ದು ಲೆಕ್ಕಕ್ಕಿಲ್ಲ. ಇದನ್ನು ವಾದ ಮಾಡಲು ನನ್ನಿಂದ ಆಗುವುದಿಲ್ಲ, ವಕೀಲರು ಬೇಕು. ದುಡ್ಡು? ತಾಲೂಕು ಕಾನೂನು ಸೇವಾ ಸಮಿತಿಗೆ ಹೋದೆವು. ಅಲ್ಲಿ ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ, ಆದರೆ ಇವರು ಪಂಗಡ ಅಲ್ಲ. ಅಜ್ಜಿಯ ಮಗನ ಹೆಸರಿನಲ್ಲಿ ಅರ್ಜಿ ತುಂಬಿಸುತ್ತಿದ್ದ ನನಗೆ ಆಗ ಹೊಳೆಯಿತು. ಉಚಿತ ವಕೀಲರು ಯಾರಿಗೆ ಎಂದು ಹೇಳುವ ಕಾನೂನು ಸೇವಾ ಕಾಯ್ದೆಯ ಅದೇ 12ನೇ ಕಲಂನಲ್ಲಿ ಮಹಿಳೆಯರೂ ಇದ್ದಾರಲ್ಲ! ಅವರಿಗೂ ಆದಾಯದ ಮಿತಿ ಇಲ್ಲ. ಹಕ್ಕು ಅಜ್ಜಿಯದ್ದೂ ಹೌದು. ಅಜ್ಜಿಯ ಹೆಸರಿನಲ್ಲೇ ಹಾಕಿದೆವು. ವಾರದೊಳಗೆ ವಕೀಲರು ಸಿಕ್ಕರು. ಊರಿನ ಗಂಡಸರಿಗೆ ಇದು ಅಷ್ಟು ಇಷ್ಟ ಆಗಲಿಲ್ಲ ಅನ್ನಿ. ಹತ್ತಿರ ಸಮಿತಿ ಎಲ್ಲಿದೆ ಎಂದು ಗೊತ್ತಿಲ್ಲದವರು 15100ಕ್ಕೆ ಫೋನ್ ಮಾಡಿದರೆ ಸಾಕು.

ವಿಚಾರಣೆಗೆ ಅಜ್ಜಿ ಹೊಸ ಸೀರೆ ಉಟ್ಟು ಬಂದರು. ರಸೀದಿಯ ಪ್ರತಿ ನೋಡಿದ ಅಧಿಕಾರಿ ಮೂಲ ಎಲ್ಲಿ ಅಂದರು. ಅಜ್ಜಿ ಸೆರಗಿನಿಂದ ಅಂಡೆ ತೆಗೆದರು! ನನಗೂ ಹೇಳಿರಲಿಲ್ಲ. ಅಧಿಕಾರಿ ಓದಿದರು, ತಿರುಗಿಸಿ ನೋಡಿದರು, ವಾಪಸು ಕೊಟ್ಟರು. ‘ಆ ಎರಡೂವರೆ ರೂಪಾಯಿ ನಾವು ಕಟ್ಟಿದ್ದೇವೆ, ಬಾಕಿ ಇಲ್ಲ’ ಎಂದು ಅಜ್ಜಿ ಎರಡು ಸಲ ಹೇಳಿದರು.

ಉಪವಿಭಾಗದಲ್ಲಿ ಶಿಫಾರಸು ಆಯಿತು. ಕಡತ ಈಗ ಕಾರವಾರದಲ್ಲಿ, ಜಿಲ್ಲಾ ಮಟ್ಟದ ಸಮಿತಿಯ ಮುಂದೆ ಇದೆ. ಉಳಿದ ಇಪ್ಪತ್ತೈದು ಅರ್ಜಿಗಳನ್ನು ಒಂದೊಂದಾಗಿ ತೆಗೆದು ಮತ್ತೆ ಬರೆಯುತ್ತಿದ್ದೇನೆ. ಹನ್ನೊಂದು ಮುಗಿದಿವೆ.

ಈಗ ಯಾರೇ ಬಂದರೂ ಮೊದಲು ಕೇಳುವುದು ಇದನ್ನೇ: ‘ನಿಮ್ಮ ಮನೆಯಲ್ಲಿ ಯಾರಿಗಾದರೂ ಫಾರೆಸ್ಟಿನವರು ದಂಡ ಹಾಕಿದ್ದರಾ? ಕೇಸು ಇತ್ತಾ?’ ‘ಛೆ, ಇಲ್ಲಪ್ಪ, ನಮ್ಮದು ಅಂಥ ಮನೆ ಅಲ್ಲ’ ಅನ್ನುತ್ತಾರೆ. ನಾನು ಪಕ್ಕದ ಹೋಟೆಲಿಗೆ ಎರಡು ಚಾ ಹೇಳುತ್ತೇನೆ. ಚಾ ಬಂದ ಮೇಲೆ ಮತ್ತೊಮ್ಮೆ ಕೇಳುತ್ತೇನೆ.