ಮೊದಲು ಬಜೆಟ್ಟು, ಆಮೇಲೆ ಕಥೆ: ಗ್ರಾಂಟ್ ಅರ್ಜಿ ಓದೋದ್ರಲ್ಲಿ ನನ್ನ ಅನುಭವ

ಅಮೆರಿಕದ ಮೂಲನಿವಾಸಿ ಬುಡಕಟ್ಟುಗಳು ಸರ್ಕಾರದ ಗ್ರಾಂಟ್‌ಗೆ ಹಾಕೋ ಅರ್ಜಿಗಳನ್ನ ಓದಿ, ಅಂಕ ಹಾಕಿ, ಕಾಮೆಂಟ್ ಬರೆಯೋ ಪ್ಯಾನೆಲ್‌ನಲ್ಲಿ ನಾನೂ ಒಬ್ಳು. ಈ ಸಲ ನಮ್ಮ ಪ್ಯಾನೆಲ್‌ನಿಂದ ಹೋದ ಕಾಮೆಂಟ್ ಒಂದೂ ತಿದ್ದೋಕೆ ಅಂತ ವಾಪಸ್ ಬರ್ಲಿಲ್ಲ. ಎಂಟು ಅರ್ಜಿ, ಓದೋರು ಮೂರು ಜನ, ಮೇಲೊಬ್ರು ಚೇರು, ಅಂದ್ರೆ ಪ್ಯಾನೆಲ್ ಅಧ್ಯಕ್ಷರು, ಎಲ್ಲಾ ಮುಗಿದಾಗ ಕೈಯಲ್ಲಿ ಇನ್ನೂ ಒಂದೂವರೆ ದಿನ ಇತ್ತು. ನಾಲ್ಕು ವರ್ಷದ ಹಿಂದೆ ನಾನು ಬಜೆಟ್‌ನಿಂದ ಓದೋಕೆ ಶುರು ಮಾಡ್ತೀನಿ ಅಂದಾಗ, ಹಂಗೆ ಮಾಡಿದ್ರೆ ಚಿಕ್ಕ ಬುಡಕಟ್ಟುಗಳಿಗೆ ಅನ್ಯಾಯ ಆಗತ್ತೆ, ಅವರ ಹತ್ರ ಒಳ್ಳೆ ಅಕೌಂಟೆಂಟ್ ಇರಲ್ಲ ಅಂತ ಆಗಿನ ಚೇರೇ ಹೇಳಿದ್ರು, ಜೊತೆಗಿದ್ದ ಇಬ್ರೂ ಹೌದೌದು ಅಂದ್ರು. ಆ ಇಬ್ಬರಲ್ಲಿ ಒಬ್ರು ಈಗ ನನ್ ಥರಾನೇ ಓದ್ತಾರೆ. ಅದಕ್ಕೇ ಕೂತು ಬರೀತಿದೀನಿ.

ನಾನಿರೋದು ನ್ಯೂ ಮೆಕ್ಸಿಕೋದ ಆಲ್ಬುಕರ್ಕಿ ಊರಲ್ಲಿ. ಮೈಸೂರಲ್ಲಿ ಬಿಕಾಂ ಮುಗ್ಸಿ ಬಂದವಳು, ಇಲ್ಲಿ ಪ್ವೆಬ್ಲೋ ಅನ್ನೋ ಮೂಲನಿವಾಸಿ ಸಮುದಾಯಗಳಲ್ಲಿ ಒಂದರ ಮಕ್ಕಳ ಶಾಲೇಲಿ ಹನ್ನೊಂದು ವರ್ಷ ಲೆಕ್ಕ ಬರೆದೆ. ಈ ಒಂದು ರಾಜ್ಯದಲ್ಲೇ 19 ಪ್ವೆಬ್ಲೋ, 3 ಅಪಾಚೆ, ಮತ್ತೆ ನವಾಹೋ, ಒಟ್ಟು 23 ಬುಡಕಟ್ಟುಗಳಿವೆ, ಒಂದೊಂದಕ್ಕೂ ಅದರದೇ ಸರ್ಕಾರ. ಆ ಕೆಲಸದ ಅನುಭವದ ಮೇಲೆ ಅಡ್ಮಿನಿಸ್ಟ್ರೇಷನ್ ಫಾರ್ ನೇಟಿವ್ ಅಮೆರಿಕನ್ಸ್, ಅಂದ್ರೆ ಎಎನ್‌ಎ ಅನ್ನೋ ಅಮೆರಿಕ ಸರ್ಕಾರದ ಸಂಸ್ಥೆ, ಅದರ ರಿವ್ಯೂವರ್ ಪಟ್ಟೀಲಿ ಸೇರ್ಕೊಂಡೆ. ಎಎನ್‌ಎ 1974ರ ಕಾಯ್ದೆಯಿಂದ ನಡೀತಿರೋದು, ಭಾಷೆ ಉಳಿಸೋಕೆ, ಉದ್ಯೋಗಕ್ಕೆ, ಪರಿಸರಕ್ಕೆ ಅಂತ ಬೇರೆ ಬೇರೆ ಗ್ರಾಂಟ್ ಕೊಡತ್ತೆ, ನನಗೆ ಹೆಚ್ಚಾಗಿ ಬಂದಿದ್ದು ಭಾಷೆಯವು. ನಾನು ಕೆಲ್ಸ ಮಾಡಿದ ಸಮುದಾಯದ್ದು ಬಂದ್ರೆ ಮುಟ್ಟಲ್ಲ. ಇಲ್ಲಿ ಹೇಳೋ ಅರ್ಜಿಗಳ ಗುರುತನ್ನೂ ಬಿಟ್ಕೊಡಲ್ಲ, ಅಂಕಿಗಳನ್ನ ಒಂಚೂರು ಆಚೀಚೆ ಮಾಡಿದೀನಿ.

ಮೊದಲನೇ ವರ್ಷ ನಾನು ಮಾಡಿದ್ದೆಲ್ಲಾ ತಪ್ಪೇ. ಅರ್ಜಿ ಒಂದೊಂದೂ ನೂರೈವತ್ತು ಪುಟದ ಹತ್ರ, ಸ್ಕ್ರೀನ್ ಮೇಲೆ ಓದೋಕಾಗಲ್ಲ ಅಂತ ಎಂಟನ್ನೂ ಪ್ರಿಂಟ್ ಹಾಕಿಸ್ದೆ, ಸಾವಿರದಿನ್ನೂರು ಪುಟ, ಪುಟಕ್ಕೆ ಹತ್ತು ಸೆಂಟು, ಅಲ್ಲೇ 120 ಡಾಲರ್ ಹೋಯ್ತು, ಆಮೇಲೆ ಅದನ್ನೆಲ್ಲ ನಾಶ ಮಾಡ್ಬೇಕಲ್ಲ ಅಂತ ಶ್ರೆಡ್ಡರ್ ಬೇರೆ ತಂದೆ. ಮೊದಲ ಪುಟದಿಂದ ಕಥೆ, ಅಂದ್ರೆ ಏನು ಮಾಡ್ತೀವಿ, ಯಾಕೆ ಅಂತ ಅವರು ವಿವರಿಸೋ ಭಾಗ, ಓದ್ಕೊಂಡು ಹೋಗೋದು, ಕಣ್ಣಲ್ಲಿ ನೀರು ಬರೋದು, 94 ಅಂಕ ಹಾಕೋದು, ಆಮೇಲೆ ಆ 94ಕ್ಕೆ ಕಾರಣ ಹುಡುಕ್ತಾ ಕೂರೋದು. ಒಂದು ಅರ್ಜಿಗೆ ನಾನು 94, ಇನ್ನೊಬ್ರು 71. ಚೇರ್ ನನ್ನ ಕಾಮೆಂಟ್‌ಗಳನ್ನ ಮೂರು ಸಲ ವಾಪಸ್ ಕಳಿಸಿದ್ರು, ಬಲ, ಅಂದ್ರೆ ಅರ್ಜಿಯ ಒಳ್ಳೆ ಅಂಶ, ಅಂತ ಬರೆದಿದ್ದಕ್ಕೂ ಅಂಕಕ್ಕೂ ಸಂಬಂಧ ಇಲ್ಲ, ಪುಟದ ನಂಬರ್ ಎಲ್ಲಿ ಅಂತ. ಅವರು ಹೇಳಿದ್ದು ಸರಿಯಾಗೇ ಇತ್ತು.

ಅದಕ್ಕಿಂತ ನೋವಾಗಿದ್ದು ಮ್ಯಾಚ್ ವಿಷಯ, ಅಂದ್ರೆ ಅರ್ಜಿ ಹಾಕೋರು ತಮ್ಮ ಕಡೆಯಿಂದ ಹಾಕ್ಬೇಕಾದ ಶೇಕಡಾ 20 ಪಾಲು. ನಾನು ಲೆಕ್ಕದವಳು, ನನಗೇ ಇದು ತಪ್ಪಿತು. ಒಂದು ಚಿಕ್ಕ ಬುಡಕಟ್ಟು 3 ಲಕ್ಷ ಡಾಲರ್ ಕೇಳಿತ್ತು, ತಮ್ಮ ಕಡೆಯಿಂದ 75 ಸಾವಿರ ತೋರಿಸಿತ್ತು. ಶೇಕಡಾ 20 ಅಂದ್ರೆ 60 ಸಾವಿರ ಅಲ್ವಾ, ಇವರಿಗೆ ಲೆಕ್ಕ ಬರಲ್ಲ ಅಂತ ಕೊರತೆ ಪಟ್ಟೀಲಿ ಬರೆದು ನಾಲ್ಕು ಅಂಕ ಕಳೆದೆ. ಆದ್ರೆ ಆ 20 ಲೆಕ್ಕ ಹಾಕೋದು ಒಟ್ಟು ವೆಚ್ಚದ ಮೇಲೆ. ಒಟ್ಟು 3.75 ಲಕ್ಷ, ಅದರ 20 ಪರ್ಸೆಂಟ್ 75 ಸಾವಿರ, ನಾಲ್ಕು ಡಾಲರ್ ಸರ್ಕಾರದ್ದು ಅಂದ್ರೆ ಒಂದು ಬುಡಕಟ್ಟಿಂದು, ಸೆಂಟಿಗೆ ಸೆಂಟು ಸರಿಯಾಗಿತ್ತು. ಅದರಲ್ಲಿ ದುಡ್ಡಿನ ರೂಪದಲ್ಲಿ ಇದ್ದಿದ್ದು ಕಮ್ಮಿ, ಹಿರಿಯರು ಬಿಟ್ಟಿ ಕೊಡೋ ಗಂಟೆಗಳು, ಚರ್ಚಿನ ಹಿಂದಿನ ಒಂದು ಕೋಣೆಯ ಬಾಡಿಗೆ, ಇಂಥವನ್ನ ಯಾರೋ ಕೂತು ಒಂದೊಂದಾಗಿ ಬೆಲೆ ಕಟ್ಟಿ ಬರೆದಿದ್ರು. ಕೊನೇ ದಿನ ಸಂಜೆ ಅದು ಕಣ್ಣಿಗೆ ಬಿತ್ತು, ಅಂತಿಮ ಆಗೋ ಮುಂಚೆ ಸರಿ ಮಾಡಿದ್ವಿ. ಆ ರಾತ್ರಿ ನಿದ್ದೆ ಬರ್ಲಿಲ್ಲ. ಗ್ರಾಂಟ್ ಸಿಗದೆ ಇರೋರಿಗೆ ಕೊನೆಗೆ ಕೈಗೆ ಬರೋದು ನಾವು ಬರೆದ ಕಾಮೆಂಟ್ ಮಾತ್ರ, ಅದನ್ನ ಇಟ್ಕೊಂಡೇ ಮುಂದಿನ ವರ್ಷ ತಿದ್ದಿ ಹಾಕ್ತಾರೆ, ಅಲ್ಲಿ ನಾನು ಸುಳ್ಳು ಕೊರತೆ ಬರೆದಿದ್ರೆ ಅವರು ಸರಿ ಇದ್ದಿದ್ದನ್ನ ಕೆಡಿಸ್ಕೊಳ್ತಿದ್ರು.

ಎರಡನೇ ವರ್ಷದಿಂದ ಬದಲಾಯಿಸ್ದೆ. ಪ್ರಿಂಟ್ ಹಾಕೋದು ಬಜೆಟ್ಟು, ಅದರ ವಿವರಣೆ, ವರ್ಕ್ ಪ್ಲಾನ್ ಅಷ್ಟೇ, ಅರ್ಜಿಗೆ ಮೂವತ್ತು ಪುಟ ಆಗಬಹುದು. ಒಂದು ಎ4 ಹಾಳೆ, ಎಡಗಡೆ ಬಜೆಟ್‌ನ ಒಂದೊಂದು ಸಾಲು, ಬಲಗಡೆ ವರ್ಕ್ ಪ್ಲಾನ್‌ನಲ್ಲಿ ಯಾರು ಏನು ಮಾಡ್ತಾರೆ, ಯಾವಾಗ ಶುರು, ಯಾವಾಗ ಕೊನೆ. ಪೆನ್ಸಿಲ್‌ನಲ್ಲಿ ಗೆರೆ ಎಳೆದು ತಾಳೆ ಹಾಕ್ತೀನಿ. ಗೆರೆ ಸಿಗದೆ ಒಂಟಿಯಾಗಿ ಉಳಿದಿದ್ದೇ ನನ್ನ ಪ್ರಶ್ನೆ. ಆಮೇಲೆ ಕಥೆ ಓದೋದು, ಆ ಪ್ರಶ್ನೆಗಳಿಗೆ ಉತ್ತರ ಹುಡುಕ್ತಾ ಓದೋದು, ಸಿಕ್ಕಿದ ತಕ್ಷಣ ಪುಟದ ನಂಬರ್ ಸಮೇತ ಪೂರ್ತಿ ವಾಕ್ಯದಲ್ಲಿ ಕಾಮೆಂಟ್ ಬರೆದುಬಿಡೋದು. ಅಂಕ ಎಲ್ಲಕ್ಕಿಂತ ಕೊನೆಗೆ. ಆ ಹಾಳೇಲಿ ಮೂರನೇ ಒಂದು ಕಾಲಂ ಕೂಡ ಇದೆ, ಅದರಲ್ಲಿ ಏನು ಬರೀತೀನಿ ಅನ್ನೋದು ಸದ್ಯಕ್ಕೆ ನನ್ನ ಹತ್ರಾನೇ ಇರ್ಲಿ, ಅದಕ್ಕೆ ಎರಡು ವರ್ಷ ತಗೊಂಡಿದೀನಿ.

ಒಂದು ಉದಾಹರಣೆ ಹೇಳ್ತೀನಿ. ಲಾಂಗ್ವೇಜ್ ನೆಸ್ಟ್ ಅರ್ಜಿ, ಏಳು ವರ್ಷದೊಳಗಿನ ಮಕ್ಕಳನ್ನ ಇಟ್ಕೊಂಡು ಪೂರ್ತಿ ತಮ್ಮ ಭಾಷೇಲೇ ಮಾತಾಡ್ಸೋದು, ವರ್ಷಕ್ಕೆ ಒಂದು ಮಗುವಿಗೆ ಸರಾಸರಿ 500 ಗಂಟೆ ಆಗ್ಬೇಕು, 2006ರ ಎಸ್ತರ್ ಮಾರ್ಟಿನೆಜ್ ಕಾಯ್ದೆಯ ಲೆಕ್ಕ ಅದು. ಆ ಎಸ್ತರ್ ಅಜ್ಜಿ ನಮ್ಮ ರಾಜ್ಯದ ಓಕೆ ಒವಿಂಗೆ ಪ್ವೆಬ್ಲೋದವರು, ತೇವಾ ಭಾಷೆಗೆ ಜೀವ ತೇದವರು. ಅರ್ಜಿಯ ಕಥೆ ಎಷ್ಟು ಚೆನ್ನಾಗಿತ್ತು ಅಂದ್ರೆ ಮೊದಲನೇ ವರ್ಷದ ನಾನಾಗಿದ್ರೆ 95 ಹಾಕ್ತಿದ್ದೆ. ವರ್ಕ್ ಪ್ಲಾನ್‌ನಲ್ಲಿ ಬೆಳಿಗ್ಗೆ ವ್ಯಾನ್ ಹೋಗಿ ನಲವತ್ತು ಮೈಲಿ ಆಚೆಯಿಂದ ಒಂಬತ್ತು ಮಕ್ಕಳನ್ನ ಕರ್ಕೊಂಡು ಬರತ್ತೆ. ಬಜೆಟ್‌ನಲ್ಲಿ ವ್ಯಾನ್ ಇದೆ, ಇನ್ಶೂರೆನ್ಸ್ ಇದೆ, ಓಡ್ಸೋನು ಇಲ್ಲ, ಪೆಟ್ರೋಲೂ ಇಲ್ಲ. ಎತ್ತು ಏರಿಗೆ ಎಳೀತು, ಕೋಣ ನೀರಿಗೆ ಎಳೀತು ಅಂತಾರಲ್ಲ, ಹಂಗೆ. ಮಕ್ಕಳು ಬರದಿದ್ರೆ 500 ಗಂಟೆ ಎಲ್ಲಿಂದ ಬರ್ಬೇಕು? ಕಥೆ ಮೊದಲು ಓದಿದ ಇಬ್ರಿಗೂ ಇದು ಕಂಡಿರ್ಲಿಲ್ಲ.

ಚಿಕ್ಕವರಿಗೆ ಅನ್ಯಾಯ ಅಂದ್ರಲ್ಲ, ನಾನು ಕಂಡಿದ್ದು ಉಲ್ಟಾ. ದುಡ್ಡಿರೋರು ಕನ್ಸಲ್ಟೆಂಟ್ ಇಟ್ಟು ಇಂಗ್ಲಿಷ್ ಬರೆಸ್ತಾರೆ, ಕಥೆ ಮೊದಲು ಓದಿದ್ರೆ ಆ ಇಂಗ್ಲಿಷೇ ಅಂಕ ಹೊಡ್ಕೊಂಡು ಹೋಗತ್ತೆ. ಚಿಕ್ಕವರ ಇಂಗ್ಲಿಷ್ ಒರಟಾಗಿರತ್ತೆ, ಆದ್ರೆ ಬಜೆಟ್ ನೋಡಿದ್ರೆ ಕಾಫಿ ಕಪ್‌ನಿಂದ ಹಿಡಿದು ಎಲ್ಲಾ ಯೋಚ್ನೆ ಮಾಡಿರ್ತಾರೆ. ನನ್ನ ಅಂದಾಜಲ್ಲಿ ಈ ಥರ ಓದೋಕೆ ಶುರು ಮಾಡಿದ್ಮೇಲೆ ಹತ್ತರಲ್ಲಿ ಮೂರು ಒರಟು ಅರ್ಜಿಗಳಾದ್ರೂ ನನ್ನ ಪಟ್ಟೀಲಿ ಮೇಲಕ್ಕೆ ಬಂದಿವೆ.

ಆದ್ರೂ ಈ ವಿಧಾನದಲ್ಲೂ ಒಂದ್ಸಲ ಎಡವಿದೀನಿ. ಒಂದು ಭಾಷಾ ಅರ್ಜೀಲಿ ಪುಸ್ತಕ, ಪ್ರಿಂಟಿಂಗ್, ನಿಘಂಟು ಯಾವುದಕ್ಕೂ ದುಡ್ಡಿಟ್ಟಿರ್ಲಿಲ್ಲ, ಪಾಠದ ಸಾಮಗ್ರಿ ಇಲ್ಲ ಅಂತ ಕೊರತೆ ಬರೆದೆ. ನಮ್ಮ ಸಮುದಾಯ ಈ ಭಾಷೇನ ಬರಹಕ್ಕೆ ಇಳಿಸಲ್ಲ ಅಂತ ಅವರು 31ನೇ ಪುಟದಲ್ಲೇ ಹೇಳಿದ್ರು. ಕನ್ನಡದೋರಿಗೆ ಇದು ಒಳಗೆ ಇಳಿಯೋಕೆ ಟೈಮ್ ಹಿಡಿಯತ್ತೆ, ನಾವು ಹಲ್ಮಿಡಿ ಶಾಸನದಿಂದ ವಯಸ್ಸು ಎಣಿಸೋ ಜನ, ಅಕ್ಷರ ಇದ್ರೇನೇ ಭಾಷೆ ಅಂತ ಬೆಳೆದವರು. ಇಲ್ಲಿ ಹೇಮೆಸ್ ಪ್ವೆಬ್ಲೋದ ತೋವಾ ಭಾಷೆ ಇದೆಯಲ್ಲ, ಅದನ್ನ ಬರೆಯೋದು ಬೇಡ ಅಂತ ಆ ಜನಾನೇ ತೀರ್ಮಾನ ಮಾಡಿದಾರೆ, ಅದು ಬಾಯಿಂದ ಬಾಯಿಗೇ ದಾಟ್ಬೇಕು. ಕೊರತೆ ಅಂತ ಬರೆದಿದ್ದನ್ನ ಹೊಡೆದು ಹಾಕಿ, ಮಾತಾಡೋ ಹಿರಿಯರಿಗೆ ಇಟ್ಟಿದ್ದ ಗೌರವಧನವನ್ನ ಬಲ ಅಂತ ಬರೆದೆ, ಅಲ್ಲಿ ಪುಸ್ತಕ ಅಂದ್ರೆ ಅವರೇ.

ಮಧ್ಯೆ ಒಂದಷ್ಟು ಪ್ರಯೋಗಾನೂ ಮಾಡ್ದೆ. ಒಂದೇ ಅರ್ಜಿಗೆ ಮೂರು ದಿನ ಬಿಟ್ಟು ಹಳೇ ಅಂಕ ನೋಡದೆ ಮತ್ತೆ ಹಾಕಿದ್ರೆ 82 ಇದ್ದಿದ್ದು 88 ಆಯ್ತು, ಹಸಿದಾಗ ಓದಿದ್ದು, ಊಟ ಆದ್ಮೇಲೆ ಓದಿದ್ದು ಅಷ್ಟೇ ವ್ಯತ್ಯಾಸ. ಕಾಮೆಂಟ್ ಮೊದಲು ಬರೆದು ಅದೇ ಪ್ರಯೋಗ ಮಾಡಿದಾಗ ಒಂದೋ ಎರಡೋ ಅಂಕ ಆಚೀಚೆ ಆಗಿದ್ದು. ಫೋನ್‌ಗೆ ಓದೋಕೆ ಬಿಟ್ಟು ವಾಕಿಂಗ್ ಮಾಡ್ತಾ ಕೇಳಿದೆ, ಕಥೆಗೆ ಪರವಾಗಿಲ್ಲ, ಬಜೆಟ್‌ಗೆ ಆಗಲ್ಲ. ಟಿಪ್ಪಣಿ ಕನ್ನಡದಲ್ಲೇ ಮಾಡ್ಕೋತೀನಿ, ಅದು ತುಂಬಾ ಉಪಯೋಗ ಆಯ್ತು, ಅರ್ಜಿಯ ಇಂಗ್ಲಿಷ್ ವಾಕ್ಯ ಹಂಗೇ ನನ್ನ ಕಾಮೆಂಟ್‌ಗೆ ನುಸುಳೋದು ನಿಂತೋಯ್ತು. ಎಐಗೆ ಹಾಕಿ ಸಾರಾಂಶ ತೆಗೀರಿ ಅಂತ ಒಬ್ರು ಅಂದ್ರು, ಗೌಪ್ಯವಾಗಿ ನಮ್ಮ ಕೈಗೆ ಕೊಟ್ಟಿದ್ದನ್ನ ಹೊರಗೆ ಹಾಕೋದಾ, ನಾನು ಮಾಡಲ್ಲ. ಹಾಂ, ಇನ್‌ಡೈರೆಕ್ಟ್ ರೇಟ್, ಅಂದ್ರೆ ಆಫೀಸಿನ ಸಾಮಾನ್ಯ ಖರ್ಚಿಗೆ ಅಂತ ಸೇರಿಸ್ಕೊಳ್ಳೋ ಪಾಲು, ಅದಕ್ಕೆ ಸರ್ಕಾರದ ಜೊತೆ ಒಪ್ಪಂದ ಇಲ್ಲದವರಿಗೆ 2024ರ ಅಕ್ಟೋಬರ್‌ನಿಂದ 15 ಪರ್ಸೆಂಟ್ ತನಕ ಅವಕಾಶ ಇದೆ, ಇನ್ನೂ ಹಳೇ 10 ಅನ್ಕೊಂಡು ಕೊರತೆ ಬರೆಯೋರು ಇದಾರೆ, ದಯವಿಟ್ಟು ನೋಡ್ಕೊಳ್ಳಿ.

ದುಡ್ಡಿನ ಮಾತು. ಮೊದಲನೇ ಸಲ ಅರ್ಜಿಗೆ ಹತ್ತು ಗಂಟೆ, ಒಟ್ಟು ಎಂಬತ್ತು ಗಂಟೆ ಆಯ್ತು, ಗೌರವಧನ ನನಗೆ ಬಂದಿದ್ದು ಸಾವಿರದ ನೂರೋ ಇನ್ನೂರೋ ಇರ್ಬೇಕು, ಪ್ರಿಂಟು, ಶ್ರೆಡ್ಡರ್, ಟ್ಯಾಕ್ಸು ಕಳೆದ್ರೆ ಗಂಟೆಗೆ ಹತ್ತು ಡಾಲರ್ ಉಳಿದ್ರೆ ಹೆಚ್ಚು. ಈಗ ಅರ್ಜಿಗೆ ಐದೂವರೆ ಗಂಟೆ ಸಾಕು, ಪ್ರಿಂಟ್ ಮನೇಲೇ, ಡಬಲ್ ಬೀಳತ್ತೆ. ದುಡ್ಡಿಗೋಸ್ಕರ ಬರೋದಾದ್ರೆ ಬರ್ಬೇಡಿ, ಆ ಎರಡು ವಾರ ಮನೇಲಿ ಚಿತ್ರಾನ್ನನೇ ಗತಿ. ಮೊದಲು ಮೂವರ ಅಂಕದಲ್ಲಿ ಇಪ್ಪತ್ತು ಪಾಯಿಂಟ್ ಅಂತರ ಇರ್ತಿತ್ತು, ಈ ಸಲ ಎಂಟರಲ್ಲಿ ಏಳು ಅರ್ಜಿಗೆ ಐದರೊಳಗೆ ಬಂತು.

ಈ ಸಲದ ಐದನೇ ಅರ್ಜಿ ತೆಗೆದಾಗ ಎಲ್ಲೋ ನೋಡಿದೀನಲ್ಲ ಅನ್ನಿಸ್ತು, ವ್ಯಾನ್ ನೋಡಿದ ಕೂಡ್ಲೇ ಗೊತ್ತಾಯ್ತು, ಹಿಂದೊಂದ್ಸಲ ಓದಿದ್ದ ಅದೇ ನೆಸ್ಟು. ಬಜೆಟ್ ವಿವರಣೇಲಿ ಬೆರಳಿಟ್ಕೊಂಡು ಕೆಳಗಿಳಿದೆ. ಡ್ರೈವರು, ದಿನಕ್ಕೆ ನಾಲ್ಕು ಗಂಟೆ, ಸಮುದಾಯದ ಭಾಷೆ ಮಾತಾಡೋರೇ ಆಗಿರ್ಬೇಕು, ಯಾಕಂದ್ರೆ ಮಕ್ಕಳು ದಿನಾ ಅವರ ಜೊತೆ ವ್ಯಾನ್‌ನಲ್ಲಿ ಇಷ್ಟೊತ್ತು ಇರ್ತಾರೆ ಅಂತ ಬರೆದಿದ್ರು. ಡ್ರೈವರ್ ಇಲ್ಲ ಅಂತಷ್ಟೇ ನಾನು ಬರೆದಿದ್ದು, ಭಾಷೆ ಬರೋ ಡ್ರೈವರ್ ಅನ್ನೋದು ನನಗೇ ಹೊಳೆದಿರ್ಲಿಲ್ಲ. ಪೆನ್ಸಿಲ್ ತಗೊಂಡು ಗೆರೆ ಎಳೆದೆ, ಬಲ ಅನ್ನೋ ಕಡೆ 112ನೇ ಪುಟ, ಮೂರನೇ ಸಾಲು ಅಂತ ಬರೆದೆ.