ಇಎಂಎಂ386 ಇಲ್ಲದೆ 620 ಕೆಬಿ: ನನ್ನ ಅನುಭವ

ಡಾಸ್ ಅನ್ನುವ ಹಳೇ ಆಪರೇಟಿಂಗ್ ಸಿಸ್ಟಂನಲ್ಲಿ ಗೇಮ್, ಡ್ರೈವರ್ ಎಲ್ಲ ಹಂಚಿಕೊಳ್ಳುವುದು ಕೆಳಗಿನ 640 ಕೆಬಿ ಮೆಮೊರಿಯನ್ನು; ಡ್ರೈವರ್ ಹೆಚ್ಚಾದಷ್ಟೂ ಗೇಮ್‌ಗೆ ಜಾಗ ಕಡಿಮೆ. ಹಾಗಾಗಿ ಅಲ್ಟಿಮಾ 7 ಅನ್ನುವ ಹಳೇ ಗೇಮನ್ನು ಅಸಲಿ ಮೆಷಿನ್‌ನಲ್ಲಿ ಓಡಿಸಬೇಕು ಅಂದರೆ ಎಲ್ಲರೂ ಹೇಳುವುದು ಒಂದೇ: ಬೇರೆ ಬೂಟ್ ಫ್ಲಾಪಿ ಮಾಡಿಕೊ, ಮೌಸ್ ಒಂದು ಬಿಟ್ಟು ಎಲ್ಲ ಕಿತ್ತುಹಾಕು. ನನಗೆ ಅದು ಬೇಡವಾಗಿತ್ತು. ಮೌಸ್, ಸಿಡಿ, ಡಿಸ್ಕ್‌ನಿಂದ ಓದಿದ್ದನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಸ್ಮಾರ್ಟ್‌ಡ್ರೈವ್, ಹೊಡೆದ ಕಮಾಂಡ್ ನೆನಪಿಡುವ ಡಾಸ್‌ಕೀ ಎಲ್ಲ ಇರಬೇಕು, ಸ್ವಿಚ್ ಹಾಕಿದರೆ ನೇರವಾಗಿ ಗೇಮ್ ಬರಬೇಕು. ಇಎಂಎಂ386 (ಡಾಸ್‌ನ ಮೆಮೊರಿ ಮ್ಯಾನೇಜರ್) ಹಾಕದೆ ಅಪ್ಪರ್ ಮೆಮೊರಿ (640 ಕೆಬಿ ಮೇಲೆ ಡ್ರೈವರ್ ಇಡಬಹುದಾದ ಜಾಗ) ಸಿಗಲ್ಲ, ಹಾಕಿದರೆ ಅಲ್ಟಿಮಾ ಓಡಲ್ಲ, ಸುಮ್ನೆ ಹೊಸ ಪಿಸಿಯಲ್ಲಿ ಡಾಸ್ ನಕಲು ಮಾಡುವ ಡಾಸ್‌ಬಾಕ್ಸ್ ಹಾಕು ಅಂತ ಹಳೆ ಪಿಸಿ ಜೋಡಿಸುವ ಗೆಳೆಯರೆಲ್ಲ ಬುದ್ಧಿ ಹೇಳಿದರು. ಈಗ ಅದೇ ಮೆಷಿನ್ ಎಲ್ಲ ಡ್ರೈವರ್ ಹೊತ್ತುಕೊಂಡು 620 ಕೆಬಿ ಆಸುಪಾಸು ಖಾಲಿ ತೋರಿಸುತ್ತಿದೆ. ಅಲ್ಟಿಮಾ ಮಾತು, ಸಂಗೀತ ಎರಡರ ಜೊತೆಗೂ ಓಡುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೆಷಿನ್ ಪೆಂಟಿಯಂ ಎಂಎಂಎಕ್ಸ್, ಇಂಟೆಲ್ 430ಟಿಎಕ್ಸ್ ಚಿಪ್‌ಸೆಟ್ ಬೋರ್ಡ್, 64 ಎಂಬಿ. ಬೆಂಗಳೂರಿನ ಎಸ್‌ಪಿ ರೋಡ್ ಕಡೆ ಒಂದು ಗುಜರಿಯಲ್ಲಿ ಸುಮಾರು 2,500ಕ್ಕೆ ಬೋರ್ಡ್, ಪ್ರೊಸೆಸರ್, ರ‍್ಯಾಮ್ ಸಿಕ್ಕಿತು. ಎಸ್‌ಎಂಪಿಎಸ್‌ಗೆ ಇನ್ನೊಂದು 600. ಉಬ್ಬಿದ ಕೆಪಾಸಿಟರ್ ಬದಲಾಯಿಸಲು ಮುನ್ನೂರೋ ಏನೋ. ಇಷ್ಟು ಸರಿ, ದುಡ್ಡು ನಿಜವಾಗಿ ತಿಂದದ್ದು ಸೌಂಡ್ ಕಾರ್ಡ್. ಮೊದಲು 900 ಕೊಟ್ಟು ಪಿಸಿಐ ಅನ್ನುವ ಹೊಸ ಬಗೆಯ ಸ್ಲಾಟಿನ ಕಾರ್ಡ್ ತಂದೆ. ಅಂಗಡಿಯವರು ಡಾಸ್‌ನಲ್ಲೂ ಓಡುತ್ತೆ ಸರ್ ಅಂದರು. ಓಡುತ್ತದೆ, ಆದರೆ ಅದರ ಡಾಸ್ ಡ್ರೈವರ್‌ಗೆ ಇಎಂಎಂ386 ಇರಲೇಬೇಕು! ಯಾವುದನ್ನು ತೆಗೆಯಲು ಹೊರಟಿದ್ದೆನೋ ಅದನ್ನೇ ಕೇಳಿತು. ವಾಪಸ್ ತೆಗೆದುಕೊಳ್ಳಲಿಲ್ಲ. ಕೊನೆಗೆ 1,800 ಕೊಟ್ಟು ಐಎಸ್‌ಎ ಅನ್ನುವ ಹಳೇ ಬಗೆಯ ಸ್ಲಾಟಿನ ಇಎಸ್‌ಎಸ್ 1868 ತರಿಸಿದೆ. ಬೂಟ್ ಆಗುವಾಗ ಒಂದು ಸಣ್ಣ ಪ್ರೋಗ್ರಾಂ ಅದನ್ನು ಎಬ್ಬಿಸಿ ಹೊರಟುಹೋಗುತ್ತದೆ, ಮೆಮೊರಿಯಲ್ಲಿ ಒಂದು ಬೈಟೂ ಕೂರುವುದಿಲ್ಲ. ಈ ಕೆಲಸಕ್ಕೆ ಇದಕ್ಕಿಂತ ಒಳ್ಳೆ ಕಾರ್ಡ್ ಇಲ್ಲ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಡಾಸ್ 6.22 ಹಾಕಿ, ಸಿಡಿ ಜೊತೆ ಬಂದ ಡ್ರೈವರ್, ಸಿಡಿಗೆ ಡ್ರೈವ್ ಅಕ್ಷರ ಕೊಡುವ ಎಂಎಸ್‌ಸಿಡಿಎಕ್ಸ್, ಮೈಕ್ರೋಸಾಫ್ಟ್ ಮೌಸ್ ಡ್ರೈವರ್, ಸ್ಮಾರ್ಟ್‌ಡ್ರೈವ್ ಎಲ್ಲ ಕೆಳಗೇ ಲೋಡ್ ಮಾಡಿದಾಗ 480 ಕೆಬಿ ಹತ್ತಿರ ಉಳಿಯಿತು. ಅಲ್ಟಿಮಾ ಮೆಮೊರಿ ಸಾಲದು ಅಂತ ವಾಪಸ್ ಕಳಿಸಿತು. ಡ್ರೈವರ್‌ಗಳನ್ನು ಮೇಲೆ ಜೋಡಿಸುವ ಡಾಸ್‌ನ ಮೆಮ್‌ಮೇಕರ್ ಓಡಿಸಿದರೆ ಜಾಗವೇನೋ ಸಿಗುತ್ತದೆ, ಆದರೆ ಅದು ಇಎಂಎಂ386 ಮೂಲಕ. 1992ರ ಈ ಗೇಮ್‌ಗೆ ಒರಿಜಿನ್ ಕಂಪನಿಯವರು ವೂಡೂ ಅನ್ನುವ ತಮ್ಮದೇ ಮೆಮೊರಿ ಮ್ಯಾನೇಜರ್ ಬರೆದರು. ಪ್ರೊಸೆಸರ್ ರಿಯಲ್ ಮೋಡ್ ಅನ್ನುವ ಮೂಲ ಸ್ಥಿತಿಯಲ್ಲಿ ಇದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ಇಎಂಎಂ386 ಬಂದ ಮೇಲೆ ಪ್ರೊಸೆಸರ್ ವರ್ಚುವಲ್ ಮೋಡ್‌ಗೆ ಹೋಗಿಬಿಟ್ಟಿರುತ್ತದೆ. ಇಎಂಎಂ386 ಸಾಲಿಗೆ ನೋಇಎಂಎಸ್ ಅನ್ನುವ ಆಯ್ಕೆ ಹಾಕಿದರೂ ಅಷ್ಟೇ ಕಥೆ.

ಮೊದಲ ಕೆಲಸ, ದಪ್ಪ ಡ್ರೈವರ್‌ಗಳನ್ನು ಹೊರಗೆ ಹಾಕುವುದು. ಮೌಸ್‌ಗೆ ಸಿಟಿಮೌಸ್, ಮೂರು ಕೆಬಿ ಅಷ್ಟೇ. ಸಿಡಿಗೆ ವೈಡ್-ಸಿಡಿಡಿ, ಐದೋ ಏನೋ. ಎಂಎಸ್‌ಸಿಡಿಎಕ್ಸ್ ಜಾಗಕ್ಕೆ ಎಸ್‌ಎಚ್‌ಎಸ್‌ಯುಸಿಡಿಎಕ್ಸ್. ಇಷ್ಟಕ್ಕೇ 570ರ ಹತ್ತಿರ ಬಂತು. ಸ್ಮಾರ್ಟ್‌ಡ್ರೈವ್ ತೆಗೆದರೆ 600. ಅಲ್ಲಿಗೇ ನಿಲ್ಲಿಸು ಅಂದವರು ಇದ್ದರು. ಆದರೆ ಅಲ್ಟಿಮಾದಲ್ಲಿ ನೀವು ನಡೆಯುತ್ತಾ ಹೋದಂತೆ ಡಿಸ್ಕ್ ಓದುತ್ತಲೇ ಇರುತ್ತದೆ, ನನ್ನದು ಕರಕರ ಅನ್ನುವ ಹಳೇ ಹಾರ್ಡ್‌ಡಿಸ್ಕ್, ಸ್ಮಾರ್ಟ್‌ಡ್ರೈವ್‌ನ ಕ್ಯಾಶ್ ಇಲ್ಲದಿದ್ದರೆ ಪ್ರತಿ ಬೀದಿ ತಿರುವಿನಲ್ಲೂ ಗೇಮ್ ನಿಂತು ನಿಂತು ಹೋಗುತ್ತದೆ. ಅದು ಆಟವಾ?

ಆಗ ಸಿಕ್ಕಿದ್ದು ಯುಎಂಬಿಪಿಸಿಐ ಅನ್ನುವ ಡ್ರೈವರ್. ಊವೆ ಸೀಬರ್ ಬರೆದದ್ದು. ಚಿಪ್‌ಸೆಟ್‌ನಲ್ಲಿ ಬಯಾಸ್‌ನ (ಬೋರ್ಡಿನ ಚಿಪ್‌ನಲ್ಲಿರುವ, ಮೆಷಿನ್ ಶುರು ಮಾಡುವ ಪ್ರೋಗ್ರಾಂ) ನಕಲಿಗೆ ಅಂತ ಇಟ್ಟಿರುವ ಶ್ಯಾಡೋ ರ‍್ಯಾಮ್‌ನಲ್ಲಿ ಖಾಲಿ ಇರುವುದನ್ನು ಬರೆಯಲು ತೆರೆದುಕೊಟ್ಟು ಅಪ್ಪರ್ ಮೆಮೊರಿ ಮಾಡಿಬಿಡುತ್ತದೆ. ಪ್ರೊಸೆಸರ್ ರಿಯಲ್ ಮೋಡ್‌ನಲ್ಲೇ ಇರುತ್ತದೆ. ಕಾನ್ಫಿಗ್.ಸಿಸ್ ಅನ್ನುವ ಬೂಟ್ ಫೈಲಿನಲ್ಲಿ ಹೈಮೆಮ್ (1 ಎಂಬಿ ಮೇಲಿನ ಮೆಮೊರಿ ನೋಡಿಕೊಳ್ಳುವ ಡ್ರೈವರ್) ಆದ ಮೇಲೆ ಇದರ ಸಾಲು, ಆಮೇಲೆ ಡಾಸ್=ಹೈ,ಯುಎಂಬಿ. ಸಿ800ರಿಂದ ಡಿಎಫ್‌ಎಫ್‌ಎಫ್‌ವರೆಗೆ (ಇವು ಮೆಮೊರಿ ವಿಳಾಸಗಳು) 96 ಕೆಬಿ ಸಿಕ್ಕಿತು. ಆಸೆಗೆ ಇ000 ಕೂಡ ಸೇರಿಸಿ ನೋಡಿದೆ, ಬೂಟ್ ಅರ್ಧಕ್ಕೇ ನಿಂತಿತು. ಆ ಜಾಗವನ್ನು ನನ್ನ ಬೋರ್ಡಿನ ಬಯಾಸ್ ತಾನೇ ಬಳಸುತ್ತದೆ. ಬಿ000 ಕಡೆ ಶ್ಯಾಡೋ ರ‍್ಯಾಮೇ ಇಲ್ಲ, ಹಾಗಾಗಿ ಅದು ಇದರಲ್ಲಿ ಸಿಗುವುದಿಲ್ಲ.

ಮೆಮ್ /ಸಿ /ಪಿ ಹೊಡೆದು ನೋಡಿದರೆ ಎಲ್ಲ ಡ್ರೈವರ್ ಅಪ್ಪರ್ ಕಾಲಂನಲ್ಲಿ ಸಾಲಾಗಿ ನಿಂತಿದ್ದವು. ಖುಷಿ ಒಂದೇ ಸಂಜೆ. ಮಾರನೇ ದಿನ ಫ್ಲಾಪಿಯಿಂದ ಒಂದು ಟೆಕ್ಸ್ಟ್ ಫೈಲ್ ಕಾಪಿ ಮಾಡಿ ತೆರೆದರೆ ಮೊದಲ ಕೆಲವು ಸಾಲು ಸರಿ, ಆಮೇಲೆ ನಗುಮುಖ, ಇಸ್ಪೀಟು ಗುರುತು, ಅರ್ಧ ಚೌಕಗಳು. ಗೆಳೆಯರು ಫ್ಲಾಪಿ ಹಾಳಾಗಿದೆ ಅಂದರು. ಎಫ್5 ಒತ್ತಿ, ಈ ಡ್ರೈವರ್‌ಗಳು ಯಾವುವೂ ಇಲ್ಲದೆ ಬೂಟ್ ಮಾಡಿದರೆ ಅದೇ ಫ್ಲಾಪಿ ಚೊಕ್ಕವಾಗಿ ಓದಿತು. ವಿಷಯ ಏನೆಂದರೆ ಐಎಸ್‌ಎ ಡಿಎಂಎ (ಪ್ರೊಸೆಸರ್ ಮೂಲಕ ಹೋಗದೆ ಫ್ಲಾಪಿ ನೇರವಾಗಿ ಮೆಮೊರಿಗೆ ಬರೆಯುವ ದಾರಿ) ಈ ಬಗೆಯ ಅಪ್ಪರ್ ಬ್ಲಾಕಿಗೆ ಸರಿಯಾಗಿ ತಲುಪುವುದಿಲ್ಲ, ಓದಿದ್ದನ್ನು ಇಡುವ ಬಫರ್ ಅಲ್ಲಿ ಇದ್ದರೆ ಕಸ ಬರುತ್ತದೆ. ಬಹಳ ಜನ ಇಲ್ಲೇ ಕೈ ಚೆಲ್ಲಿ ಇದು ಕೆಲಸಕ್ಕೆ ಬಾರದ್ದು ಅಂತ ಬಿಟ್ಟಿದ್ದಾರೆ. ಇದಕ್ಕೆ ಲೋ-ಡಿಎಂಎ ಡ್ರೈವರ್ ಇದೆ, ಸ್ವಲ್ಪವೇ ಜಾಗ ಹಿಡಿಯುತ್ತದೆ, ತೊಂದರೆ ಹೋಯಿತು. ಆದರೆ ಯಾವುದರ ಹಿಂದೆ ಯಾವುದು ಲೋಡ್ ಆಗಬೇಕು ಅನ್ನುವ ಕ್ರಮ ಮುಖ್ಯ. ನನ್ನ ಕ್ರಮ ನನ್ನ ಹತ್ತಿರವೇ ಇರಲಿ, ವಾರಗಟ್ಟಲೆ ಕೂತು ಕಂಡುಕೊಂಡದ್ದು. ದಪ್ಪದ್ದು ಮೊದಲು ಅನ್ನುವ ಹಳೇ ಮಾತು ಪೂರ್ತಿ ನಿಜವಲ್ಲ ಅಂತ ಮಾತ್ರ ಹೇಳುತ್ತೇನೆ. ಹೈಮೆಮ್ಮನ್ನೇ ಮೇಲೆ ಕಳಿಸುವ ದಾರಿಯೂ ಇದೆ, ಅದಕ್ಕೆ ಅಂತಲೇ ಇರುವ ಪ್ರೋಗ್ರಾಂ ಹೈರ‍್ಯಾಮ್ ನೋಡಿ.

ಉಳಿದದ್ದೆಲ್ಲ ಕಾನ್ಫಿಗ್.ಸಿಸ್‌ನ ಚಿಲ್ಲರೆ ಸಾಲುಗಳು: ಸ್ಟ್ಯಾಕ್ಸ್=0,0, ಎಫ್‌ಸಿಬಿಎಸ್=1, ಲಾಸ್ಟ್‌ಡ್ರೈವ್ ಝಡ್ ಬದಲು ಎಫ್, ಸೆಟ್‌ವರ್ ಬೇಡವೇ ಬೇಡ. ಈ ಚಿಲ್ಲರೆಯಲ್ಲೇ ನಾಲ್ಕೈದು ಕೆಬಿ ಬರುತ್ತದೆ.

ಜಾಗ ಜಾಸ್ತಿ ಆದರೂ ಕಷ್ಟ ಇದೆ. ಒಂದೆರಡು ಹಳೇ ಗೇಮ್‌ಗಳು, ಮೊದಲು ಸರಿಯಾಗಿ ಓಡುತ್ತಿದ್ದವು, ಈಗ ಪ್ಯಾಕ್ಡ್ ಫೈಲ್ ಕರಪ್ಟ್ ಅನ್ನತೊಡಗಿದವು. ಫೈಲ್ ಚೆನ್ನಾಗೇ ಇದೆ. ಮೊದಲ 64 ಕೆಬಿ ಒಳಗೆ ಲೋಡ್ ಆದರೆ ಅವುಗಳ ಬಿಚ್ಚುವ ಕೋಡ್ ಎಡವುತ್ತದೆ. ಗೇಮ್ ಹೆಸರಿಗಿಂತ ಮೊದಲು ಡಾಸ್‌ನ ಲೋಡ್‌ಫಿಕ್ಸ್ ಕಮಾಂಡ್ ಸೇರಿಸಿದರೆ ಮುಗಿಯಿತು.

ಮೆಮೊರಿ ಆದ ಮೇಲೆ ಸ್ಪೀಡಿನ ಪಾಡು. ಈ ಮೆಷಿನ್‌ನಲ್ಲಿ ಅಲ್ಟಿಮಾದ ಜನ ಓಡುತ್ತಾರೆ, ವಿಂಗ್ ಕಮಾಂಡರ್ ಮೊದಲನೆಯದಂತೂ ಕಣ್ಣಿಗೇ ಸಿಗಲ್ಲ. ಸೆಟ್‌ಮಲ್ ಅನ್ನುವ ಪ್ರೋಗ್ರಾಂ ಹಾಕಿ ಪ್ರೊಸೆಸರ್ ಒಳಗಿನ ವೇಗದ ಮೆಮೊರಿ ಎಲ್1 ಕ್ಯಾಶ್ ಆಫ್ ಮಾಡಿದೆ, 386 ಕಾಲದ ನಡಿಗೆಗೆ ಬಂತು. ಎಂಎಂಎಕ್ಸ್‌ನಲ್ಲಿ ಇನ್ನೂ ಒಂದೆರಡು ಸ್ವಿಚ್ ಆಡಿಸಬಹುದು, ಯಾವ ಗೇಮ್‌ಗೆ ಯಾವುದು ಅಂತ ನಾನು ಪಟ್ಟಿ ಇಟ್ಟುಕೊಂಡಿದ್ದೇನೆ.

ವಿಮಾನ ಹಾರಿಸುವ ಗೇಮ್ ಫಾಲ್ಕನ್ 3.0 ಬೇರೆ ಜಾತಿ, ಅದಕ್ಕೆ ಇಎಂಎಸ್ (ಇಎಂಎಂ386 ಕೊಡುವ ಹೆಚ್ಚುವರಿ ಮೆಮೊರಿ) ಬೇಕು, ಕೆಳಗೂ 600ರ ಮೇಲೆ ಬೇಕು. ಕಾನ್ಫಿಗ್.ಸಿಸ್‌ನಲ್ಲಿ ಮೆನು ಮಾಡಿ ಅದಕ್ಕೆ ಮಾತ್ರ ಇಎಂಎಂ386 ಕೊಟ್ಟೆ. ಬಿ000ರಿಂದ ಬಿ7ಎಫ್‌ಎಫ್ ಇನ್‌ಕ್ಲೂಡ್, ಇಎಂಎಸ್‌ನ ಕಿಟಕಿಯಾದ ಪೇಜ್ ಫ್ರೇಮ್ ಡಿ000. 613 ಚಿಲ್ಲರೆ ಉಳಿಯಿತು, ವಿಮಾನ ಮೇಲೆದ್ದಿತು. ಗೇಮ್‌ಪೋರ್ಟ್ ಜಾಯ್‌ಸ್ಟಿಕ್ ಒಂದು ಬಾಕಿ ಇದೆ. ಯಾರ ಅಟ್ಟದಲ್ಲಾದರೂ 15 ಪಿನ್ನಿನದು ಇದ್ದರೆ ಹೇಳಿ, ಚೆನ್ನಾಗಿದ್ದರೆ 800ರವರೆಗೆ ಕೊಡುತ್ತೇನೆ.