ನವೋಶಿಮಾ ದ್ವೀಪಕ್ಕೆ ಗುಂಪು ಕರೆದೊಯ್ಯುವ ನನ್ನ ಕ್ರಮ

ಜಪಾನಿನ ಕಲಾದ್ವೀಪ ನವೋಶಿಮಾಕ್ಕೆ ಹೋಗುವ ದಿನದ ಲೆಕ್ಕವನ್ನು ನಾನು ಅಲ್ಲಿನ ಚಿಚೂ ಕಲಾ ಮ್ಯೂಸಿಯಮ್ಮಿನ ಟಿಕೆಟ್ ಗಂಟೆಯಿಂದ ಶುರು ಮಾಡುತ್ತೇನೆ. ಅಲ್ಲಿ ಒಳಗೆ ಹೋಗಲು ಆನ್‌ಲೈನಿನಲ್ಲಿ ಹೊತ್ತು ಗೊತ್ತುಮಾಡಿಕೊಂಡ ಟಿಕೆಟ್ ಬೇಕು. ಅದು ಕೈಗೆ ಬಂದ ಮೇಲೆಯೇ ರೈಲು, ಫೆರಿ, ಊಟ ಎಲ್ಲ. ಸಾಧ್ಯವಾದರೆ ಹನ್ನೊಂದರ ಸುಮಾರಿಗೆ ಹಿಡಿಯುತ್ತೇನೆ. ಬೆಳಕು ಚೆನ್ನಾಗಿರುತ್ತದೆ, ಬೆಳಗಿನ ಪ್ರಯಾಣಕ್ಕೂ ಧಾವಂತ ಇರುವುದಿಲ್ಲ.

ಸೋಮವಾರ ಬೇಡ. ಚಿಚೂ, ಹೊನ್ಮುರಾ ಹಳ್ಳಿಯಲ್ಲಿ ಕಲಾಕೃತಿಗಳಾಗಿರುವ ಆರ್ಟ್ ಹೌಸ್ ಮನೆಗಳು ಅಂದು ಬಾಗಿಲು ಹಾಕಿರುತ್ತವೆ. ಸೋಮವಾರ ಸರ್ಕಾರಿ ರಜೆ ಬಂದರೆ ಅಂದು ತೆರೆದು ಮರುದಿನ ಮುಚ್ಚುತ್ತಾರೆ, ಹಾಗಾಗಿ ಜಪಾನಿನ ರಜಾಪಟ್ಟಿಯನ್ನೂ ನೋಡಿಕೊಳ್ಳಬೇಕು. ಮೂರು ವರ್ಷಕ್ಕೊಮ್ಮೆ ನಡೆಯುವ ಸೆತೌಚಿ ಕಲಾ ಉತ್ಸವದ ವರ್ಷದಲ್ಲಿ (2010ರಲ್ಲಿ ಶುರುವಾಯಿತು, ಕಳೆದದ್ದು 2025ರಲ್ಲಿ) ಜನಸಂದಣಿ ವಿಪರೀತ. ಉತ್ಸವದ ದಿನಗಳಲ್ಲಿ ಒಂದೇ ದಿನದಲ್ಲಿ ಎಲ್ಲ ಮುಗಿಸುವ ಯೋಚನೆ ಬಿಡುವುದೇ ಒಳ್ಳೆಯದು.

ದ್ವೀಪ ಆಡಳಿತದಲ್ಲಿ ಕಗಾವಾ ಪ್ರಾಂತ್ಯದ್ದು, ಆದರೆ ಹತ್ತಿರದ ಬಂದರು ಒಕಾಯಾಮಾ ಕಡೆಯ ಉನೊ. ಒಕಾಯಾಮಾ ಸ್ಟೇಷನ್ನಿನಿಂದ ಹೊರಟು ಸಾಮಾನ್ಯವಾಗಿ ಚಾಯಾಮಾಚಿಯಲ್ಲಿ ರೈಲು ಬದಲಿಸಿ ಉನೊ ಮುಟ್ಟಲು ಒಂದು ಗಂಟೆ ಇಟ್ಟುಕೊಳ್ಳಿ. ಉನೊ ಸ್ಟೇಷನ್ನಿನಿಂದ ಬಂದರು ನಡೆದೇ ಹೋಗುವಷ್ಟು ಹತ್ತಿರ. ಅಲ್ಲಿಂದ ಮಿಯಾನೊಉರಾ ಬಂದರಿಗೆ ಫೆರಿಯಲ್ಲಿ 20 ನಿಮಿಷ. ಶಿಕೊಕು ದ್ವೀಪದ ತಕಾಮಾತ್ಸು ಕಡೆಯಿಂದ ಬಂದರೆ ಫೆರಿ 50 ನಿಮಿಷ ತೆಗೆದುಕೊಳ್ಳುತ್ತದೆ. ಉನೊದಿಂದ ಹೊನ್ಮುರಾ ಹಳ್ಳಿಗೂ ಒಂದು ಸಣ್ಣ ದೋಣಿ ಇದೆ. ಅದರ ಓಡಾಟ ಕಡಿಮೆ, ಗುಂಪಿಗೆ ಅದನ್ನು ನಂಬಬೇಡಿ.

ಹೇಳಬೇಕಾದ್ದನ್ನೆಲ್ಲ ಫೆರಿಯಲ್ಲೇ ಹೇಳಿ ಮುಗಿಸುತ್ತೇನೆ, ಏಕೆಂದರೆ ಚಿಚೂ ಒಳಗೆ ಗೈಡ್ ಮಾತಾಡುತ್ತ ನಿಂತರೆ ಆ ಜಾಗವೇ ಕೆಡುತ್ತದೆ. 1917ರಿಂದ ದ್ವೀಪದ ಉತ್ತರ ತುದಿಯಲ್ಲಿ ಮಿತ್ಸುಬಿಶಿಯ ತಾಮ್ರ ಕರಗಿಸುವ ಕಾರ್ಖಾನೆ ಇದೆ. ಅದರ ಹೊಗೆಗೆ ಸುತ್ತಲಿನ ಗುಡ್ಡಗಳು ಬೋಳಾದವು. ದಕ್ಷಿಣದ ಕಡೆಯನ್ನು ಬೇರೆ ರೀತಿ ಬೆಳೆಸಬೇಕೆಂದು ಆಗಿನ ಮೇಯರ್ ಚಿಕತ್ಸುಗು ಮಿಯಾಕೆ, ಒಕಾಯಾಮಾದ ಪ್ರಕಾಶಕ ತೆತ್ಸುಹಿಕೊ ಫುಕುಟಾಕೆ 1985ರಲ್ಲಿ ಮಾತಾಡಿಕೊಂಡರು. ಮರುವರ್ಷ ಫುಕುಟಾಕೆ ತೀರಿಕೊಂಡಾಗ ಅವರ ಮಗ ಸೊಯಿಚಿರೊ ಕೆಲಸ ಮುಂದುವರಿಸಿದರು. ವಾಸ್ತುಶಿಲ್ಪಿ ತಡಾವೊ ಆಂಡೊ ಕಟ್ಟಿದ, ಮ್ಯೂಸಿಯಮ್ಮೂ ಹೋಟೆಲೂ ಆಗಿರುವ ಬೆನೆಸ್ಸೆ ಹೌಸ್ 1992ರಲ್ಲಿ, ಚಿಚೂ 2004ರಲ್ಲಿ ತೆರೆದವು. ಇಷ್ಟು ಗೊತ್ತಿದ್ದರೆ ಚಿಚೂ ಯಾಕೆ ಬಹುಪಾಲು ನೆಲದೊಳಗಿದೆ ಎಂಬ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿಬಿಡುತ್ತದೆ: ಉಳಿದ ಗುಡ್ಡವನ್ನು ಮುಟ್ಟದ ಹಾಗೆ ಕಟ್ಟಿದ್ದಾರೆ.

ಇಳಿದ ಕೂಡಲೇ ದೊಡ್ಡ ಚೀಲಗಳನ್ನು ಬಂದರಿನ ಲಾಕರಿಗೆ ಹಾಕಿ ಊರ ಬಸ್ ಹತ್ತುವುದು. ಬಸ್ ಚಿಕ್ಕದು, ಹತ್ತು ಜನಕ್ಕಿಂತ ಹೆಚ್ಚಾದರೆ ಗುಂಪು ಒಡೆಯುತ್ತದೆ, ಅದಕ್ಕೇ ನಾನು ಎಂಟಕ್ಕೆ ನಿಲ್ಲಿಸುತ್ತೇನೆ. 100 ಯೆನ್ ನಾಣ್ಯಗಳು ಜೇಬಲ್ಲಿರಲಿ. ಕೊನೆಯ ಸ್ಟಾಪ್ ತ್ಸುತ್ಸುಜಿಸೊ. ಅಲ್ಲಿಂದ ಚಿಚೂವರೆಗೆ ಪುಕ್ಕಟೆ ಶಟಲ್ ಬಸ್ ಇದೆ; ತಪ್ಪಿದರೆ ಏರುದಾರಿಯಲ್ಲಿ ಸುಮಾರು ಅರ್ಧ ಗಂಟೆ ನಡಿಗೆ. ಕಲಾವಿದೆ ಯಾಯೊಯಿ ಕುಸಾಮಾ ಅವರ ಹಳದಿ ಕುಂಬಳಕಾಯಿ ಶಿಲ್ಪ ತ್ಸುತ್ಸುಜಿಸೊ ಹತ್ತಿರದ ದಂಡೆಯಲ್ಲೇ ಇದೆ. 1994ರದ್ದನ್ನು 2021ರ ಆಗಸ್ಟಿನ ಚಂಡಮಾರುತ ಸಮುದ್ರಕ್ಕೆ ಎಳೆಯಿತು. ಹೊಸದಾಗಿ ಮಾಡಿ 2022ರ ಅಕ್ಟೋಬರಿನಲ್ಲಿ ಮತ್ತೆ ಇಟ್ಟರು. ಫೋಟೋ ಸಾಲು ಉದ್ದವಿದ್ದರೆ ಅಲ್ಲಿ ನಿಲ್ಲದೆ ಶಟಲ್ ಹಿಡಿಯಿರಿ. ಕುಂಬಳಕಾಯಿ ಕಾಯುತ್ತದೆ, ಟಿಕೆಟ್ಟಿನ ಹೊತ್ತು ಕಾಯುವುದಿಲ್ಲ.

ಚಿಚೂಗೆ ಎರಡು ಗಂಟೆ ಕೊಡಿ. ಟಿಕೆಟ್ ಕೊಡುವ ಜಾಗ ಬೇರೆ, ಮ್ಯೂಸಿಯಂ ಬೇರೆ. ನಡುವೆ ಫ್ರೆಂಚ್ ಚಿತ್ರಕಾರ ಕ್ಲಾಡ್ ಮೊನೆಯ ತೋಟದ ಗಿಡಗಳನ್ನು ನೆನಪಿಸುವ ದಾರಿ. ಒಳಗೆ ಫೋಟೋ ಇಲ್ಲ. ಇರುವುದು ಮೂವರು ಕಲಾವಿದರ ಕೃತಿಗಳು ಮಾತ್ರ. ಮೊನೆಯ ನೀರಿನ ತಾವರೆಗಳ ಐದು ಚಿತ್ರಗಳಿರುವ ಕೋಣೆಗೆ ಚಪ್ಪಲಿ ಬದಲಿಸಿ ಹೋಗಬೇಕು. ನೆಲ ಸಣ್ಣ ಸಣ್ಣ ಅಮೃತಶಿಲೆಯ ತುಂಡುಗಳದ್ದು, ಬೆಳಕು ಮೇಲಿನಿಂದ ಬೀಳುವ ಬಿಸಿಲಿನದ್ದೇ. ಮೋಡ ಸರಿದರೆ ಚಿತ್ರದ ನೀಲಿ ಬದಲಾಗುತ್ತದೆ. ಐದು ನಿಮಿಷದಲ್ಲಿ ಹೊರಬಂದವರಿಗೆ ಅದು ಕಾಣುವುದಿಲ್ಲ, ಅದಕ್ಕಾಗಿ ನಾನು ಎಲ್ಲರನ್ನೂ ಎರಡು ಸಲ ಒಳಗೆ ಕಳಿಸುತ್ತೇನೆ, ನಡುವೆ ಅರ್ಧ ಗಂಟೆ ಬಿಟ್ಟು. ವಾಲ್ಟರ್ ಡಿ ಮರಿಯಾ ಕೋಣೆಯಲ್ಲಿ 2.2 ಮೀಟರ್ ಅಡ್ಡಳತೆಯ ಕಪ್ಪು ಗ್ರಾನೈಟ್ ಗುಂಡು, ಸುತ್ತ ಚಿನ್ನದ ಹಾಳೆ ಹೊದಿಸಿದ 27 ಮರದ ಶಿಲ್ಪಗಳು. ಮೆಟ್ಟಿಲ ಬುಡದಲ್ಲೇ ನಿಲ್ಲಬೇಡಿ. ಹತ್ತುತ್ತ ಗುಂಡಿನಲ್ಲಿ ನಿಮ್ಮದೇ ಪ್ರತಿಬಿಂಬ ಹೇಗೆ ಸರಿಯುತ್ತದೆ ನೋಡಿ. ಜೇಮ್ಸ್ ಟರೆಲ್ ಅವರ ಬೆಳಕಿನ ಕೃತಿ 'ಓಪನ್ ಫೀಲ್ಡ್' ಒಳಗೆ ಒಂದು ಸಲಕ್ಕೆ ಕೆಲವರನ್ನಷ್ಟೇ ಬಿಡುತ್ತಾರೆ, ಸಾಲು ಬೆಳೆಯುವ ಮೊದಲು ಅಲ್ಲಿಗೇ ಹೋಗುವುದು ಜಾಣತನ.

ಊಟದ ವಿಷಯದಲ್ಲಿ ನಮ್ಮ ಸಸ್ಯಾಹಾರಿಗಳಿಗೆ ಒಂದು ಮಾತು. ಕಗಾವಾ ಉಡೋನ್ ಎಂಬ ದಪ್ಪ ಗೋಧಿ ನೂಡಲ್ಸಿನ ನಾಡು, ಆದರೆ ಅದರ ಸಾರು ಒಣಗಿಸಿದ ಸಣ್ಣ ಮೀನಿನದ್ದು. "ಮಾಂಸ ಹಾಕಬೇಡಿ" ಅಂದರೆ ಮೇಲಿನ ತುಂಡು ತೆಗೆಯುತ್ತಾರೆ, ಸಾರು ಅದೇ. ದ್ವೀಪದ ಹೋಟೆಲುಗಳು ಚಿಕ್ಕವು, ಅನ್ನ ಮುಗಿದರೆ ಬಾಗಿಲು ಹಾಕುತ್ತವೆ. ಪುಳಿಯೋಗರೆಯೋ ಚಪಾತಿ ಪಲ್ಯವೋ ಕಟ್ಟಿಕೊಂಡು ಬನ್ನಿ, ಕಸವನ್ನು ಚೀಲದಲ್ಲೇ ವಾಪಸ್ ಒಯ್ಯಿರಿ.

ಮಧ್ಯಾಹ್ನ ಹೊನ್ಮುರಾ, ಬಸ್ ಸ್ಟಾಪ್ ನೋಕ್ಯೋ-ಮಾಏ. ಹಳೆಯ ಮನೆ, ಗುಡಿಗಳನ್ನೇ ಕೃತಿಗಳಾಗಿಸಿದ ಆರ್ಟ್ ಹೌಸ್ ಯೋಜನೆ ಇಲ್ಲಿ 1998ರಲ್ಲಿ ಶುರುವಾಯಿತು. ಏಳೂ ಮನೆ ನೋಡಲು ಹೊರಟರೆ ಯಾವುದೂ ನೆನಪಲ್ಲಿ ಉಳಿಯದು. ನಾನು ಮೂರನ್ನು ಆರಿಸುತ್ತೇನೆ. ಮಿನಾಮಿದೆರಾದಲ್ಲಿ ಪೂರ್ತಿ ಕತ್ತಲು. ಕಣ್ಣು ಒಗ್ಗಲು ಕೆಲವು ನಿಮಿಷ ಬೇಕು, ಗಡಿಯಾರ, ಫೋನು ಮಿನುಗಿದರೆ ಎಲ್ಲರದೂ ಮೊದಲಿನಿಂದ ಶುರು. ಕಾದೊಯಾದಲ್ಲಿ ನೀರೊಳಗೆ ಹೊಳೆಯುವ 125 ಅಂಕಿಗಳ ವೇಗ ನಿಗದಿ ಮಾಡಿದವರು ದ್ವೀಪದ ಜನರೇ. ಗೊಓ ದೇಗುಲದ ಗಾಜಿನ ಮೆಟ್ಟಿಲಿನ ಕೆಳಗಿರುವ ಕಲ್ಲಿನ ಕೋಣೆಗೆ ಹೋಗುವ ದಾರಿ ಇಕ್ಕಟ್ಟು, ದಪ್ಪ ಚೀಲ ಬೆನ್ನಿಗಿದ್ದರೆ ಸಿಕ್ಕಿಕೊಳ್ಳುತ್ತದೆ. ಹೊರಬರುವಾಗ ಎದುರಿಗೆ ನೇರ ಸಮುದ್ರ ಕಾಣುತ್ತದೆ. ಅದೇ ಯೋಜನೆಯ ಕಿನ್ಜಾ ಅಪೂರ್ವವಾದದ್ದು, ಆದರೆ ಮೊದಲೇ ಕಾದಿರಿಸಿ ಒಬ್ಬೊಬ್ಬರೇ 15 ನಿಮಿಷ ಕೂರುವ ಮನೆ. ಎಂಟು ಜನಕ್ಕೆ ಎರಡು ಗಂಟೆ. ಗುಂಪಿಗೆ ಆಗದು, ಒಂಟಿಯಾಗಿ ಬಂದವರು ಬಿಡಬೇಡಿ.

ಕೊನೆಯ ಫೆರಿಗೆ ಎಂದೂ ಉಳಿಸಿಕೊಳ್ಳುವುದಿಲ್ಲ, ಅದಕ್ಕೆ ಹಿಂದಿನದ್ದೇ ನಮ್ಮದು. ಮಿಯಾನೊಉರಾಕ್ಕೆ ಅರ್ಧ ಗಂಟೆ ಮೊದಲೇ ಬಂದರೆ ಕುಸಾಮಾ ಅವರದೇ ಕೆಂಪು ಕುಂಬಳಕಾಯಿ ಇದೆ. ಇದರೊಳಗೆ ಹೋಗಬಹುದು, ಮಕ್ಕಳಿಗೆ ಅಲ್ಲಿಂದ ಹೊರಡಲು ಮನಸ್ಸೇ ಬಾರದು. ಆಗಸ್ಟ್, ಸೆಪ್ಟೆಂಬರಿನಲ್ಲಿ ಗಾಳಿ ಎದ್ದರೆ ಫೆರಿ ನಿಲ್ಲುತ್ತದೆ. ಹಿಂದಿನ ರಾತ್ರಿಯೇ ಹವಾಮಾನ ನೋಡಿ, ಅನುಮಾನವಿದ್ದರೆ ಆ ದಿನ ಒಕಾಯಾಮಾದಲ್ಲೇ ಉಳಿಯಿರಿ.